ಯಾವುದಕ್ಕಿಂತ ಶೇಕಡಾ 30?

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ‘ಮನಿ ಮಂದಿ’ ಎಂದು ಹೆಸರು. ಬಾಗಲಕೋಟೆಯ ನವನಗರದಲ್ಲಿರುವ ಬಸವರಾಜ ಕಾಕಾ ಅದರ ಅಡ್ಮಿನ್. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ ಅವರು, ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದವರನ್ನೂ ಅರ್ಧ ವಾಕ್ಯಕ್ಕೆ ಕೈಬಿಟ್ಟವರನ್ನೂ ಒಂದು ದಿನದ ಮಟ್ಟಿಗೆ ಗುಂಪಿನಿಂದ ತೆಗೆದುಹಾಕುತ್ತಾರೆ. ಹೀಗಾಗಿ ನಮ್ಮಲ್ಲಿ ಜಗಳವೂ ಕರ್ತೃ, ಕರ್ಮ, ಕ್ರಿಯಾಪದ ಸಹಿತವಾಗಿಯೇ ನಡೆಯುತ್ತದೆ.

ಕಳೆದ ರವಿವಾರ ಮುಂಜಾನೆ ಮಲ್ಲಣ್ಣ ಒಂದು ಫಾರ್ವರ್ಡ್ ಹಾಕಿದ. ಮಹಾಲಿಂಗಪುರದಲ್ಲಿ ಬೆಲ್ಲದ ಅಡತಿ ಅಂಗಡಿ ನಡೆಸುವ ಅವನಿಗೂ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಗೂ ಇರುವ ಸಂಬಂಧ ಇಷ್ಟೇ: ಸವಾಲು, ಅಂದರೆ ಹರಾಜು, ಮುಗಿದ ಮೇಲೆ ರೈತರಿಗೆ ಕೊಡುವ ಲೆಕ್ಕದ ಪಟ್ಟಿಯನ್ನು ತಯಾರಿಸುವ ಪ್ರೋಗ್ರಾಮನ್ನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನಮ್ಮ ಪ್ರವೀಣ 2019ರಲ್ಲಿ ಪೈಥಾನ್‌ನಲ್ಲಿ ಬರೆದುಕೊಟ್ಟಿದ್ದ. ಅದು ಒಂದು ಪಟ್ಟಿ ಹೊರಡಿಸುವಷ್ಟರಲ್ಲಿ ರೈತ ಎರಡು ಸಲ ಬಾಗಿಲ ಕಡೆ ನೋಡುತ್ತಾನೆ ಎಂಬುದು ಮಲ್ಲಣ್ಣನ ಬಹುದಿನದ ದೂರು. ಫಾರ್ವರ್ಡಿನಲ್ಲಿ ಹೀಗಿತ್ತು: “ಪೈಥಾನ್ 3.14 ಶೇಕಡಾ 30ರಷ್ಟು ವೇಗವಾಗಿದೆ. ಕಂಪ್ಯೂಟರ್ ಬದಲಿಸಬೇಡಿ, ಪೈಥಾನ್ ಬದಲಿಸಿ. ಹತ್ತು ಜನರಿಗೆ ತಿಳಿಸಿ.” ಅದರ ಕೆಳಗೆ ಮಲ್ಲಣ್ಣ, “ಪ್ರವೀಣಾ, ಇದನ್ನು ನೀನು ನನಗೆ ಯಾಕೆ ಮೊದಲೇ ಹೇಳಲಿಲ್ಲ?” ಎಂದು ಸೇರಿಸಿದ್ದ.

ಪ್ರವೀಣನ ಉತ್ತರ ಎರಡು ನಿಮಿಷದಲ್ಲಿ ಬಂತು. “ಅಣ್ಣಾ, ಈ ಶೇಕಡಾ 30 ಯಾವ ಯಂತ್ರದಲ್ಲಿ, ಯಾವ ಪರೀಕ್ಷೆಯಲ್ಲಿ, ಯಾವುದಕ್ಕೆ ಹೋಲಿಸಿ ಸಿಕ್ಕ ಅಂಕಿ ಎಂಬುದಕ್ಕೆ ನಿನ್ನಲ್ಲಿ ಆಧಾರವಿದ್ದರೆ ಹಾಕು. ಇಲ್ಲದಿದ್ದರೆ ಇದನ್ನು ಅಳಿಸು.” ಅವನು ಎಲ್ಲ ಫಾರ್ವರ್ಡಿಗೂ ಇದನ್ನೇ ಬರೆಯುತ್ತಾನೆ. ಬೆಳ್ಳುಳ್ಳಿಯಿಂದ ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ ಎಂದಾಗಲೂ ಹೀಗೆಯೇ ಬರೆದಿದ್ದ, ಕಾಕಾ ಹಾಕಿದ ಹಬ್ಬದ ಮುಹೂರ್ತಕ್ಕೂ ಹೀಗೆಯೇ ಬರೆದು ಒಂದು ದಿನ ಹೊರಗಿದ್ದ. ಮಲ್ಲಣ್ಣ ಆಧಾರ ಹಾಕಲಿಲ್ಲ, ಅಳಿಸಲೂ ಇಲ್ಲ. “ಆಧಾರ ಕೇಳುವವನು 2019ರಲ್ಲಿ ನನ್ನಿಂದ ಹದಿನಾಲ್ಕು ಸಾವಿರ ಕೊಡಿಸಿ ಹಳೆಯ ಕಂಪ್ಯೂಟರ್ ತಂದುಕೊಟ್ಟಾಗ ಯಾವ ಆಧಾರ ತೋರಿಸಿದ್ದ?” ಎಂದು ಕೇಳಿದ. ಅಲ್ಲಿಂದ ಮುಂದೆ ಒಂದು ತಾಸು ಪೈಥಾನ್ ಬದಿಗೆ ಸರಿದು, ಆ ಕಂಪ್ಯೂಟರನ್ನು ಯಾರು ಆರಿಸಿದರು, ಯಾರು ಬೇಡವೆಂದಿದ್ದರು, ಹಣ ಕೊಟ್ಟದ್ದು ದೀಪಾವಳಿಗೆ ಮೊದಲೋ ಆಮೇಲೋ ಎಂಬ ವಿಚಾರಣೆ ನಡೆಯಿತು.

ನಾನು ಬೆಳಗಾವಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ವಿಷಯ ಕಲಿಸುತ್ತೇನೆ. ಗುಂಪಿನಲ್ಲಿ ಸಾಮಾನ್ಯವಾಗಿ ಮಾತನಾಡುವುದಿಲ್ಲ. ಆದರೆ ಈ ಶೇಕಡಾ 30ರ ಜಾತಕ ನನಗೆ ಗೊತ್ತಿತ್ತು, ತರಗತಿಯಲ್ಲಿ ಅದನ್ನೇ ಪಾಠ ಮಾಡಿದ್ದೆ. ಹಾಗಾಗಿ ಬರೆದೆ.

ನಾವು ಬರೆದ ಪೈಥಾನ್ ಸಾಲುಗಳನ್ನು ಕಂಪ್ಯೂಟರು ನೇರವಾಗಿ ಓದುವುದಿಲ್ಲ. ‘ತೂಕವನ್ನು ದರದಿಂದ ಗುಣಿಸು’ ಎಂಬ ಒಂದು ಸಾಲು ಮೊದಲು ತೂಕವನ್ನು ತಾ, ದರವನ್ನು ತಾ, ಗುಣಿಸು, ಇಡು ಎಂಬ ಚಿಕ್ಕ ಆಜ್ಞೆಗಳಾಗಿ ಒಡೆಯುತ್ತದೆ. ಇದಕ್ಕೆ ಬೈಟ್‌ಕೋಡ್ ಎನ್ನುತ್ತಾರೆ, ಇವುಗಳನ್ನು ಒಂದೊಂದಾಗಿ ಎತ್ತಿಕೊಂಡು ನಡೆಸುವುದು ವರ್ಚುವಲ್ ಮಷೀನ್. ಗುಣಿಸುವ ಮುನ್ನ ಅದು ಪ್ರತಿ ಸಲವೂ ಇವು ಪೂರ್ಣಾಂಕಗಳೋ, ದಶಮಾಂಶಗಳೋ, ಬರೀ ಅಕ್ಷರಗಳೋ ಎಂದು ವಿಚಾರಿಸುತ್ತಿತ್ತು. 2022ರ ಅಕ್ಟೋಬರಿನಲ್ಲಿ ಬಂದ ಪೈಥಾನ್ 3.11ರಲ್ಲಿ ಈ ವಿಚಾರಣೆ ಕಡಿಮೆಯಾಯಿತು. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಒಂದೇ ಬಗೆಯ ಸಂಖ್ಯೆಗಳು ಬಂದರೆ ಮಷೀನು ಆ ಆಜ್ಞೆಯನ್ನು ಅದೇ ಬಗೆಗೆ ಹೊಂದುವ ಆಜ್ಞೆಯಿಂದ ಬದಲಿಸಿಕೊಳ್ಳುತ್ತದೆ, ಬಗೆ ಬದಲಾದರೆ ಹಿಂದಿರುಗುತ್ತದೆ. ಇದೂ ಇಂಥ ಇತರ ತಿದ್ದುಪಡಿಗಳೂ ಸೇರಿ, 3.10ಕ್ಕೆ ಹೋಲಿಸಿದರೆ ಕೆಲಸವನ್ನು ಅವಲಂಬಿಸಿ ಶೇಕಡಾ 10ರಿಂದ 60ರವರೆಗೆ, ಸರಾಸರಿ 1.25 ಪಟ್ಟು ವೇಗ ಸಿಕ್ಕಿತು. ಅದು ನಿಜವಾದ ಗಳಿಕೆ.

ಶೇಕಡಾ 30ರದ್ದು ಬೇರೆ ಕಥೆ. 2025ರ ಫೆಬ್ರವರಿಯಲ್ಲಿ ಪೈಥಾನಿನ 3.14ನೆಯ ಆವೃತ್ತಿಗಾಗಿ ಕೆನ್ ಜಿನ್ ಎಂಬವರು ಹೊಸ ರೀತಿಯ ಇಂಟರ್‌ಪ್ರಿಟರ್, ಅಂದರೆ ವರ್ಚುವಲ್ ಮಷೀನಿನಲ್ಲಿ ಆಜ್ಞೆಗಳನ್ನು ನಡೆಸುವ ಭಾಗ, ಸೇರಿಸಿದರು. ಎಲ್ಲ ಆಜ್ಞೆಗಳನ್ನೂ ಒಂದೇ ದೊಡ್ಡ ಫಂಕ್ಷನ್ನಿನೊಳಗೆ, ಅಂದರೆ ಪ್ರೋಗ್ರಾಮಿನ ಒಂದೇ ತುಂಡಿನೊಳಗೆ, ತುಂಬುವ ಬದಲು ಪ್ರತಿ ಆಜ್ಞೆಗೂ ಒಂದು ಪುಟ್ಟ ಫಂಕ್ಷನ್ ಮಾಡಿ, ಒಂದು ತನ್ನ ಕೆಲಸ ಮುಗಿಸುತ್ತಲೇ ಮುಂದಿನದಕ್ಕೆ ಕೈ ದಾಟಿಸುವ ಏರ್ಪಾಡು ಅದು. ಆಗ ಪ್ರಕಟವಾದ ಅಂಕಿಯ ಪ್ರಕಾರ ಕೆಲವು ಪರೀಕ್ಷೆಗಳಲ್ಲಿ ಶೇಕಡಾ 3ರಷ್ಟು ನಿಧಾನ, ಕೆಲವದರಲ್ಲಿ ಶೇಕಡಾ 30ರಷ್ಟು ವೇಗ, ಒಟ್ಟು ಸರಾಸರಿ ಶೇಕಡಾ 9ರಿಂದ 15. ಮಲ್ಲಣ್ಣನಿಗೆ ತಲುಪುವಷ್ಟರಲ್ಲಿ ಆ 3 ಉದುರಿಹೋಗಿತ್ತು, 9ರಿಂದ 15 ಕೂಡ ಉದುರಿತ್ತು, ಉಳಿದದ್ದು 30 ಮಾತ್ರ.

ಮುಂದಿನ ತಿಂಗಳು ನೆಲ್ಸನ್ ಎಲ್‌ಹೇಜ್ ಎಂಬವರು ಈ ಅಂಕಿಯನ್ನು ಬೆನ್ನಟ್ಟಿ ಹೋಗಿ, ದೋಷವಿರುವುದು ಹೊಸದರಲ್ಲಲ್ಲ, ಹೋಲಿಕೆಗೆ ಇಟ್ಟುಕೊಂಡ ಹಳೆಯದರಲ್ಲಿ ಎಂದು ಕಂಡುಹಿಡಿದರು. ಹಳೆಯ ಇಂಟರ್‌ಪ್ರಿಟರಿನಲ್ಲಿ ಪ್ರತಿ ಆಜ್ಞೆಯ ಕೊನೆಗೂ ಮುಂದಿನ ಆಜ್ಞೆಗೆ ನೆಗೆಯುವ ಸ್ವಂತ ದಾರಿ ಇರುತ್ತದೆ. ಹಾಗಿದ್ದಾಗ ಪ್ರೊಸೆಸರು ‘ಇದಾದ ಮೇಲೆ ಸಾಮಾನ್ಯವಾಗಿ ಅದು ಬರುತ್ತದೆ’ ಎಂದು ಊಹಿಸಿಕೊಂಡು ಮೊದಲೇ ತಯಾರಾಗುತ್ತದೆ. ಆದರೆ ಈ ಇಂಟರ್‌ಪ್ರಿಟರನ್ನೇ ಯಂತ್ರದ ಭಾಷೆಗೆ ಇಳಿಸುವ ಕ್ಲ್ಯಾಂಗ್ ಎಂಬ ಕಂಪೈಲರಿನ 19ನೆಯ ಆವೃತ್ತಿಯಲ್ಲಿ, ಬೇರೆ ಕೆಲವು ಪ್ರೋಗ್ರಾಮುಗಳನ್ನು ಕಂಪೈಲ್ ಮಾಡಲು ವಿಪರೀತ ಸಮಯ ಹಿಡಿಯುತ್ತಿದೆಯೆಂದು ಒಂದು ಮಿತಿ ಹಾಕಲಾಗಿತ್ತು. ಆ ಮಿತಿಗೆ ಸಿಕ್ಕಿ ಪೈಥಾನಿನ ಅಷ್ಟೂ ದಾರಿಗಳು ಒಂದೇ ಬಾಗಿಲಿಗೆ ಕೂಡಿಕೊಂಡವು, ಹಳೆಯ ಇಂಟರ್‌ಪ್ರಿಟರು ಯಾರಿಗೂ ಗೊತ್ತಾಗದಂತೆ ನಿಧಾನವಾಯಿತು. ಒಂದು ಬಗ್ ಸರಿಪಡಿಸಹೋಗಿ ಇನ್ನೊಂದು ಹುಟ್ಟಿತ್ತು. ಕ್ಲ್ಯಾಂಗ್ 20.1.1ರಲ್ಲಿ ಅದನ್ನು ತಿದ್ದಿದರು. ಸರಿಯಾದ ಹೋಲಿಕೆಯಲ್ಲಿ ಸರಾಸರಿ ಗಳಿಕೆ ಶೇಕಡಾ 3ರಿಂದ 5 ಎಂದಾಯಿತು. ಕೆನ್ ಜಿನ್ ಎಲ್ಲರೆದುರು ಕ್ಷಮೆ ಕೇಳಿ ಅಂಕಿಯನ್ನು ಬದಲಿಸಿದರು. ಅಷ್ಟಾಗಿಯೂ ಈ ಹೊಸ ಏರ್ಪಾಡು 3.14ರಲ್ಲಿ ತಾನಾಗಿ ಬರುವುದಿಲ್ಲ, ಪೈಥಾನನ್ನು ಕಂಪೈಲ್ ಮಾಡುವವರು ಬೇಕೆಂದು ಆರಿಸಿಕೊಳ್ಳಬೇಕು.

ಇಷ್ಟನ್ನು ಬರೆದು ಹಾಕಿದೆ. ಕಾಕಾ ಮೊದಲು ಓದಿದರು, ಅಥವಾ ಕೊನೆಯ ಸಾಲುಗಳನ್ನು ಓದಿದರು. “ಅವಸರ ಪಟ್ಟು ವೇಗ ಹೆಚ್ಚಿಸಲು ಹೊರಟರೆ ಹೀಗೆಯೇ ಆಗುತ್ತದೆ. ನಿಧಾನವಾದರೂ ಸರಿಯಾಗಿರಬೇಕು. ನಮ್ಮ ಕಾಲದಲ್ಲಿ ಲೆಕ್ಕ ಎರಡು ಸಲ ಮಾಡುತ್ತಿದ್ದೆವು. ತಪ್ಪಾದಾಗ ಕ್ಷಮೆ ಕೇಳುವ ಗುಣ ಪರದೇಶದವರಿಗಿದೆ, ನಮ್ಮ ಮನೆಯಲ್ಲಿಲ್ಲ” ಎಂದರು. ಕೊನೆಯ ಮಾತು ಯಾರಿಗೆ ಎಂದು ಎಲ್ಲರೂ ಯೋಚಿಸಿದರು, ಎಲ್ಲರೂ ತಮಗಲ್ಲ ಎಂದುಕೊಂಡರು.

ಪ್ರವೀಣ ಈ ಒಂದು ವಿಷಯದಲ್ಲಿ ಮಾತ್ರ ಕಾಕಾ ಅವರ ಪಕ್ಷ ವಹಿಸಿದ. 2011ರ ಜುಲೈ 28ರಂದು ಜಾವಾ ಎಂಬ ಇನ್ನೊಂದು ಪ್ರೋಗ್ರಾಮಿಂಗ್ ಭಾಷೆಯ 7ನೆಯ ಆವೃತ್ತಿ ಬಿಡುಗಡೆಯಾದಾಗ, ಅದರ ವರ್ಚುವಲ್ ಮಷೀನು ಲೂಪುಗಳನ್ನು, ಅಂದರೆ ಮತ್ತೆ ಮತ್ತೆ ನಡೆಯುವ ಆಜ್ಞೆಗಳ ಸುತ್ತುಗಳನ್ನು, ವೇಗಗೊಳಿಸುವ ಭರದಲ್ಲಿ ಕೆಲವನ್ನು ತಪ್ಪಾಗಿ ಕಂಪೈಲ್ ಮಾಡುತ್ತಿದ್ದುದನ್ನೂ, ಲೂಸೀನ್ ಎಂಬ ಹುಡುಕಾಟದ ಲೈಬ್ರರಿಯ ತಂಡ ಬಳಕೆದಾರರಿಗೆ ಎಚ್ಚರಿಕೆ ಕೊಡಬೇಕಾಗಿ ಬಂದುದನ್ನೂ ವಿವರಿಸಿದ. ಮಷೀನು ಅರ್ಧದಲ್ಲೇ ನಿಂತುಹೋದರೆ ಅದು ಪುಣ್ಯ, ನಿಲ್ಲದೆ ತಪ್ಪು ಉತ್ತರ ಕೊಟ್ಟರೆ ಕಂಡುಹಿಡಿಯುವವರಾರು ಎಂದು ಕೇಳಿದ. ಪೈಥಾನ್ 3.13ಕ್ಕಾಗಿ ಬರೆದಿದ್ದ ಹೊಸ ಕಸ ವಿಲೇವಾರಿಯ ವಿಧಾನ, ಅಂದರೆ ಬಳಸಿಬಿಟ್ಟ ಮೆಮೊರಿಯನ್ನು ಕಂತುಕಂತಾಗಿ ಹಿಂದೆ ಪಡೆಯುವ ಏರ್ಪಾಡು, ಕೆಲವು ಕೆಲಸಗಳನ್ನು ನಿಧಾನಗೊಳಿಸುತ್ತಿದೆ ಎಂದು ಕಂಡುಬಂದಾಗ, ಬಿಡುಗಡೆಯನ್ನು 2024ರ ಅಕ್ಟೋಬರ್ 1ರಿಂದ 7ಕ್ಕೆ ಮುಂದೂಡಿ ಅದನ್ನು ಕಿತ್ತುಹಾಕಿದರು ಎಂಬುದನ್ನೂ ಸೇರಿಸಿದ. ಎರಡೂ ಸರಿಯಾದ ಮಾತೇ. ಮಲ್ಲಣ್ಣ ಮಾತ್ರ, “ಅವರು ಕಿತ್ತುಹಾಕಿದರು. ನೀನು ನನ್ನ ಪ್ರೋಗ್ರಾಮಿನಲ್ಲಿ ಏನನ್ನು ಕಿತ್ತುಹಾಕಿದೆ?” ಎಂದ.

ಅಷ್ಟರಲ್ಲಿ ವಿಜಯಪುರದಿಂದ ಗಿರಿಜಕ್ಕ ಬಂದಳು. ಅವಳು ಯಾವ ಚರ್ಚೆಗೆ ಬಂದರೂ ಅಜ್ಜನ ಅಂಗಡಿಯ ಬಾಗಿಲಿನಿಂದಲೇ ಬರುತ್ತಾಳೆ. “ಹೋಲಿಕೆಯದೇ ದೋಷ ಎಂದು ಓದಿದ ಕೂಡಲೇ ನನಗೆ ನಮ್ಮ ಅಂಗಡಿಯ ಹಳೆಯ ತೂಕದ ಕಾಟಾ ನೆನಪಾಯಿತು. ಸಾಂಗ್ಲಿಯ ಖರೀದಿದಾರನೊಬ್ಬ ತನ್ನ ಊರಲ್ಲಿ ತೂಗಿದರೆ ಬೆಲ್ಲ ಕಡಿಮೆ ಬರುತ್ತದೆ ಎಂದು ತಕರಾರು ತೆಗೆದಿದ್ದ. ಅಜ್ಜ ಹಮಾಲರಿಂದ ತಟ್ಟೆಯನ್ನು ಮಗುಚಿಸಿ ನೋಡಿದರೆ, ತಳದಲ್ಲಿ ಮಳೆಗಾಲದ ಬೆಲ್ಲ ಕರಗಿ ಅಂಟಿ ಒಣಗಿ, ಅಂಗೈ ದಪ್ಪ ಹೆಪ್ಪುಗಟ್ಟಿ ಕಪ್ಪಾಗಿತ್ತು, ಇರುವೆ ಸಾಲುಗಟ್ಟಿದ್ದವು. ಬೆಲ್ಲದ ಪೆಂಟಿಯ ತೂಕ ಇದ್ದಷ್ಟೇ ಇತ್ತು, ತಟ್ಟೆಯೇ ಭಾರವಾಗಿತ್ತು. ನಾನೂ ಪ್ರವೀಣನೂ ಅದನ್ನು ಚಮಚದಿಂದ ಕೆರೆದು ತಿಂದಿದ್ದೆವು. ಆ ರುಚಿ ಈಗಿನ ಬೆಲ್ಲಕ್ಕೆಲ್ಲಿದೆ?”

ನಾನು ಮೂರು ಕಂಡಿಕೆ ಬರೆದು ಹೇಳಿದ್ದನ್ನು ಅವಳು ಒಂದು ತಟ್ಟೆ ಮಗುಚಿ ಹೇಳಿದ್ದಳು. ಮುಂದಿನ ವರ್ಷ ತರಗತಿಯಲ್ಲಿ ಇದನ್ನೇ ಹೇಳಬೇಕೆಂದು ಬರೆದಿಟ್ಟುಕೊಂಡೆ. ಆದರೆ ಗುಂಪಿನಲ್ಲಿ ಅದು ಬೇರೆಯೇ ಅರ್ಥ ಪಡೆಯಿತು. ಆ ದಿನಗಳಲ್ಲಿ ಕಾಟಾದ ಮುಂದೆ ಕೂರುತ್ತಿದ್ದವರು ಮಲ್ಲಣ್ಣನ ತಂದೆ. “ನಮ್ಮ ಅಪ್ಪ ಸುಳ್ಳು ತೂಕ ಹಾಕುತ್ತಿದ್ದರೆಂದು ಎಲ್ಲರೆದುರು ಬರೆಯುವ ಅಗತ್ಯ ಏನಿತ್ತು, ಗಿರಿಜಾ?” ಎಂದು ಅವನು ಕೇಳಿದ. ಅವಳು ಹಾಗೆ ಬರೆದಿಲ್ಲವೆಂದಳು, ಹಾಗೆಯೇ ಅರ್ಥವಾಗುತ್ತದೆಂದು ಇವನೆಂದ, ವಾಕ್ಯದಲ್ಲಿ ಕರ್ತೃ ಇಲ್ಲವೆಂದು ಕಾಕಾ ತೀರ್ಪು ಕೊಟ್ಟರು. ಪೈಥಾನ್ ಮತ್ತೆ ಮೂಲೆ ಸೇರಿತು.

ಅದನ್ನು ಹೊರತಂದವನು ಶಿವು, ಗಿರಿಜಕ್ಕನ ಮಗ, ಇಂಜಿನಿಯರಿಂಗ್ ಮೂರನೆಯ ವರ್ಷದಲ್ಲಿದ್ದಾನೆ. ಅವನು ಜಗಳದಲ್ಲಿ ಸೇರಲಿಲ್ಲ. ಸೋಮವಾರ ಬಸ್ಸು ಹತ್ತಿ ಮಹಾಲಿಂಗಪುರಕ್ಕೆ ಹೋಗಿ ಅಂಗಡಿಯ ಕಂಪ್ಯೂಟರಿನ ಮುಂದೆ ಕುಳಿತ. ಮೊದಲು ಕಂಡದ್ದೇನೆಂದರೆ, ಅದರಲ್ಲಿ ಇರುವುದು ವಿಂಡೋಸ್ 7. ಪೈಥಾನ್ 3.9ರಿಂದ ಈಚಿನ ಯಾವುದೂ ವಿಂಡೋಸ್ 7ರಲ್ಲಿ ನಡೆಯುವುದಿಲ್ಲ. ಕಂಪ್ಯೂಟರ್ ಬದಲಿಸಬೇಡಿ, ಪೈಥಾನ್ ಬದಲಿಸಿ ಎಂಬ ಫಾರ್ವರ್ಡಿನ ಮಾತು ಅಲ್ಲಿಗೇ ಮುಗಿಯಿತು. ಆಮೇಲೆ ಅವನು, ಪೈಥಾನ್ ಜೊತೆಗೇ ಬರುವ ಸಿಪ್ರೊಫೈಲ್ ಎಂಬ ಅಳತೆಗಾರನನ್ನು ಹಚ್ಚಿ ಒಂದು ಪಟ್ಟಿ ತೆಗೆಸಿದ. ಒಟ್ಟು 11 ಸೆಕೆಂಡು. ಅದರಲ್ಲಿ 9 ಸೆಕೆಂಡು ಹೋಗುತ್ತಿದ್ದುದು ಒಂದೇ ಕಡೆ: ಪ್ರತಿ ಪೆಂಟಿಯ ಸಾಲಿಗೂ ಪ್ರೋಗ್ರಾಮು ಇಡೀ ವರ್ಷದ ಲೆಕ್ಕದ ಫೈಲನ್ನು ಹೊಸದಾಗಿ ತೆರೆದು, ಮೊದಲಿನಿಂದ ಕೊನೆಯವರೆಗೆ ಓದಿ, ಮುಚ್ಚುತ್ತಿತ್ತು. ವರ್ಚುವಲ್ ಮಷೀನಿನ ಪಾಲಿಗೆ ಬರುತ್ತಿದ್ದುದು ಉಳಿದ 2 ಸೆಕೆಂಡು ಮಾತ್ರ. ಅದನ್ನು ಶೇಕಡಾ 30ರಷ್ಟು ವೇಗ ಮಾಡಿದರೂ ರೈತ ಬಾಗಿಲ ಕಡೆ ನೋಡುವುದು ತಪ್ಪುತ್ತಿರಲಿಲ್ಲ.

ಶಿವು ಫೈಲನ್ನು ಒಮ್ಮೆ ಮಾತ್ರ ತೆರೆಯುವಂತೆ ಮೂರು ಸಾಲು ತಿದ್ದಿದ. ಹಳೆಯ ಕಂಪ್ಯೂಟರ್, ಹಳೆಯ ವಿಂಡೋಸ್, ಹಳೆಯ ಪೈಥಾನ್ 3.7, ಎಲ್ಲ ಇದ್ದ ಹಾಗೆಯೇ ಇದ್ದು ಪಟ್ಟಿ 2 ಸೆಕೆಂಡಿಗೆ ಬಂತು. ಎಲ್ಲರ ಆಧಾರ ಕೇಳುವ ಪ್ರವೀಣ ತನ್ನ ಪ್ರೋಗ್ರಾಮನ್ನು ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಅಳೆದು ನೋಡಿರಲಿಲ್ಲ ಎಂಬುದನ್ನು ನಾನು ಗುಂಪಿನಲ್ಲಿ ಬರೆಯಲಿಲ್ಲ. ಬರೆಯಬೇಕೆನಿಸಿದ್ದು ನಿಜ.

ಆ ರಾತ್ರಿ ಮಲ್ಲಣ್ಣ ಸಂತೋಷದಿಂದ ಬರೆದ: “ಪೈಥಾನ್ ಬದಲಿಸಿದೆವು, ಪಟ್ಟಿ ಐದು ಪಟ್ಟು ವೇಗವಾಯಿತು. ಫಾರ್ವರ್ಡಿನಲ್ಲಿ ಇದ್ದುದಕ್ಕಿಂತ ಹೆಚ್ಚೇ ಆಯಿತು. ಇನ್ನಾದರೂ ಆಧಾರ ಕೇಳುವವರು ಸುಮ್ಮನಿರಲಿ.” ಅವನ ಪಾಲಿಗೆ ಪ್ರವೀಣ ಬರೆದ ಪ್ರೋಗ್ರಾಮೇ ಪೈಥಾನ್, ಆದ್ದರಿಂದ ಅವನು ಸುಳ್ಳು ಹೇಳುತ್ತಿರಲಿಲ್ಲ. ಅದರ ಜೊತೆಗೆ ಮೂಲ ಫಾರ್ವರ್ಡನ್ನು ಇನ್ನೊಮ್ಮೆ ಹಾಕಿ, ಅಡತಿ ವ್ಯಾಪಾರಿಗಳ ಗುಂಪಿಗೂ ಕಳುಹಿಸಿದ್ದೇನೆಂದು ತಿಳಿಸಿದ. ಸ್ವಂತ ಅನುಭವಕ್ಕಿಂತ ದೊಡ್ಡ ಆಧಾರವಿಲ್ಲವೆಂದು ಕಾಕಾ ಮೆಚ್ಚಿದರು.

ಶಿವು ನನಗೆ ಬೇರೆಯಾಗಿ ಬರೆದ: “ಮೌಶಿ, ಮಲ್ಲು ಮಾವನಿಗೆ ಹೇಳಲೇ? ಬದಲಾದದ್ದು ಪೈಥಾನ್ ಅಲ್ಲ.” ಅವನ ಲ್ಯಾಪ್‌ಟಾಪಿನಲ್ಲಿ ಪ್ರೋಗ್ರಾಮಿನ ತಿದ್ದದ ಪ್ರತಿಯನ್ನೂ ತಿದ್ದಿದ ಪ್ರತಿಯನ್ನೂ, ಎರಡನ್ನೂ 3.7ರಲ್ಲಿಯೂ 3.14ರಲ್ಲಿಯೂ ಓಡಿಸಿ ನಾಲ್ಕು ಅಳತೆ ತೆಗೆ ಎಂದೆ. ತೆಗೆದ. ಪೈಥಾನ್ ಮಾತ್ರ ಬದಲಿಸಿದರೆ ಕಾಣುವ ಗಳಿಕೆ ಇಷ್ಟು, ಮೂರು ಸಾಲು ಮಾತ್ರ ತಿದ್ದಿದರೆ ಇಷ್ಟು ಎಂದು ಕೋಷ್ಟಕ ಮಾಡಿ, ಯಾರ ಹೆಸರನ್ನೂ ಎತ್ತದೆ, ಮಂಗಳವಾರ ಮುಂಜಾನೆ ಗುಂಪಿನಲ್ಲಿ ಹಾಕಿದೆ. ಪ್ರವೀಣ ನೋಡಿದ, ಏನೂ ಬರೆಯಲಿಲ್ಲ. ಮಲ್ಲಣ್ಣ ಹೆಬ್ಬೆರಳು ಎತ್ತಿದ. ಗಿರಿಜಕ್ಕ, ಆ ಕಾಟಾ ಈಗ ಯಾರ ಮನೆಯಲ್ಲಿದೆ ಎಂದು ಕೇಳಿದಳು. ಕಾಕಾ, ಕೋಷ್ಟಕದಲ್ಲಿ ನಾನು ‘ಸೆಕೆಂಡ್’ ಎಂದು ಬರೆದಿರುವುದು ತಪ್ಪು, ಕನ್ನಡದಲ್ಲಿ ಪದ ಸ್ವರಾಂತವಾಗಬೇಕಾದ್ದರಿಂದ ‘ಸೆಕೆಂಡು’ ಎಂದಾಗಬೇಕು, ತಿದ್ದಿ ಮತ್ತೆ ಹಾಕು ಎಂದರು.