2006ರ ಲ್ಯಾಪ್‌ಟಾಪ್, ಡೆಬಿಯನ್ 12: ವೈಫೈ ಸಿದ್ಧವಾಗುತ್ತಿಲ್ಲ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿರುವ 2006ರ ಲ್ಯಾಪ್‌ಟಾಪ್‌ನಲ್ಲಿ ಇಂಟೆಲ್ ಕೋರ್ ಡ್ಯುಯೊ ಪ್ರೊಸೆಸರ್ ಮತ್ತು 2 ಜಿಬಿ ರ್‍ಯಾಮ್ ಇವೆ. ಅಣ್ಣನ ಮಗಳು ಕನ್ನಡ ಟೈಪಿಂಗ್ ಕಲಿಯಲೆಂದು ಅದಕ್ಕೆ ಡೆಬಿಯನ್ 12 ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ 32 ಬಿಟ್ ಆವೃತ್ತಿಯನ್ನು ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಸಮೇತ ಹಾಕಿದ್ದೇನೆ. ಪರದೆ, ಧ್ವನಿ, ಕೀಬೋರ್ಡ್ ಎಲ್ಲವೂ ಸರಿಯಾಗಿವೆ. ಆದರೆ ನೆಟ್‌ವರ್ಕ್ ಚಿಹ್ನೆಯನ್ನು ಒತ್ತಿದರೆ ವೈಫೈ ಸಾಧನ ಸಿದ್ಧವಿಲ್ಲ ಎಂಬ ಸಾಲು ಬಿಟ್ಟು ಒಂದು ನೆಟ್‌ವರ್ಕ್‌ನ ಹೆಸರೂ ಕಾಣುವುದಿಲ್ಲ. ವೈಫೈ ಕಾರ್ಡ್ ಬ್ರಾಡ್‌ಕಾಮ್ ಬಿಸಿಎಂ4311 ಎಂದು, ಯಂತ್ರದೊಳಗಿನ ಸಾಧನಗಳನ್ನು ಪಟ್ಟಿಮಾಡುವ ಎಲ್‌ಎಸ್‌ಪಿಸಿಐ ಕಮಾಂಡ್ ತಿಳಿಸುತ್ತದೆ. ನಮ್ಮಲ್ಲಿ ಕೇಬಲ್ ಇಂಟರ್‌ನೆಟ್ ಇಲ್ಲ, ಇರುವುದು ಮೊಬೈಲ್ ಮಾತ್ರ. ಡ್ರೈವರ್ ಇಳಿಸಿಕೊಳ್ಳಲು ಇಂಟರ್‌ನೆಟ್ ಬೇಕು, ಇಂಟರ್‌ನೆಟ್ ಬರಲು ಡ್ರೈವರ್ ಬೇಕು ಎಂಬಂತಾಗಿದೆ. ಡೆಬಿಯನ್ 13 ಹಾಕಿದರೆ ಸರಿಹೋದೀತೇ?

ಮೊದಲ ಉತ್ತರ

ಡೆಬಿಯನ್ 13ರ ಆಲೋಚನೆಯನ್ನು ದಯವಿಟ್ಟು ಕೈಬಿಡಿ. ಕೋರ್ 2 ಡ್ಯುಯೊ 64 ಬಿಟ್ ಪ್ರೊಸೆಸರ್. ಅದಕ್ಕೂ ಮೊದಲು ಬಂದ, ನಿಮ್ಮಲ್ಲಿರುವ ಕೋರ್ ಡ್ಯುಯೊ 32 ಬಿಟ್ ಮಾತ್ರ. 2025ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗಳಿಗೆ ಇನ್‌ಸ್ಟಾಲರ್ ಅನ್ನೇ ಕೊಟ್ಟಿಲ್ಲ. ನೀವು ಆರಿಸಿಕೊಂಡಿರುವ 12 ನಿಮ್ಮ ಯಂತ್ರಕ್ಕೆ ತಕ್ಕದ್ದೇ ಆಗಿದೆ.

ನಿಮಗೆ ಡ್ರೈವರ್‌ನ ಕೊರತೆಯೂ ಇಲ್ಲ. ಬಿಸಿಎಂ4311ಕ್ಕೆ ಬೇಕಾದ ಬಿ43 ಡ್ರೈವರ್ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿಯೇ ಇದೆ. ಇಲ್ಲದಿರುವುದು ಫರ್ಮ್‌ವೇರ್, ಅಂದರೆ ಕಾರ್ಡ್ ಪ್ರತಿ ಬಾರಿ ಚಾಲನೆಗೊಳ್ಳುವಾಗ ಡ್ರೈವರ್ ಅದರೊಳಗೆ ತುಂಬಬೇಕಾದ ಪುಟ್ಟ ಪ್ರೋಗ್ರಾಂ. ಕರ್ನಲ್ ತನ್ನ ಸಂದೇಶಗಳನ್ನು ಬರೆದಿಡುವ ಕರ್ನಲ್ ಲಾಗ್ ತೆರೆದು ನೋಡಿದರೆ ಯುಕೋಡ್5 ಎಂಬ ಕಡತ ಸಿಗಲಿಲ್ಲ ಎಂಬ ದೂರು ಅಲ್ಲಿ ಬಿದ್ದಿರುತ್ತದೆ. ಮರುಸ್ಥಾಪನೆಗೆ ಕೈಹಾಕುವ ಮೊದಲು ಆ ಲಾಗ್ ಓದುವುದು ಯಾವಾಗಲೂ ಒಳ್ಳೆಯದು. ಡೆಬಿಯನ್ 12ರ ಇನ್‌ಸ್ಟಾಲರ್ ಅನೇಕ ಕಾರ್ಡ್‌ಗಳ ಫರ್ಮ್‌ವೇರ್ ಅನ್ನು ಜೊತೆಯಲ್ಲೇ ತರುತ್ತದೆಯಾದರೂ ಬಿ43ರದ್ದನ್ನು ಮರುಹಂಚಲು ಪರವಾನಗಿ ಇಲ್ಲದ ಕಾರಣ, ಬಳಕೆದಾರರೇ ಅದನ್ನು ಇಳಿಸಿಕೊಳ್ಳಬೇಕಾಗುತ್ತದೆ.

ಅದಕ್ಕೆ ನಿಮ್ಮ ಮೊಬೈಲ್ ಸಾಕು. ಆಂಡ್ರಾಯ್ಡ್ ಫೋನ್ ಅನ್ನು ಯುಎಸ್‌ಬಿ ಕೇಬಲ್‌ನಿಂದ ಲ್ಯಾಪ್‌ಟಾಪ್‌ಗೆ ಜೋಡಿಸಿ, ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿರುವ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಲಿನಕ್ಸ್ ಅದನ್ನು ತಂತಿ ಸಂಪರ್ಕವೆಂದೇ ಗುರುತಿಸುತ್ತದೆ, ಇದಕ್ಕೆ ಬೇರೆ ಫರ್ಮ್‌ವೇರ್ ಬೇಕಾಗಿಲ್ಲ. ಚಾರ್ಜ್ ಮಾಡಲು ಮಾತ್ರ ಬರುವ ಅಗ್ಗದ ಕೇಬಲ್ ಆದರೆ ಟೆದರಿಂಗ್ ಆಯ್ಕೆಯೇ ತೆರೆದುಕೊಳ್ಳದು. ಡೇಟಾ ಸಾಗುವ ಕೇಬಲ್ ಬಳಸಿ. ಇಂಟರ್‌ನೆಟ್ ಬಂದ ಮೇಲೆ ಪ್ಯಾಕೇಜ್‌ಗಳನ್ನು ಎಲ್ಲಿಂದ ತರಬೇಕೆಂದು ಹೇಳುವ ಸೋರ್ಸಸ್ ಪಟ್ಟಿಯಲ್ಲಿ ಡೆಬಿಯನ್‌ನ ಕಾಂಟ್ರಿಬ್ ವಿಭಾಗವನ್ನು ಸೇರಿಸಿ, ಪ್ಯಾಕೇಜ್ ಪಟ್ಟಿಯನ್ನು ಅಪ್‌ಡೇಟ್ ಮಾಡಿ, ಫರ್ಮ್‌ವೇರ್-ಬಿ43-ಇನ್‌ಸ್ಟಾಲರ್ ಎಂಬ ಪ್ಯಾಕೇಜ್ ಹಾಕಿ. ಬೇಕಾದ ಕಡತಗಳನ್ನು ಇಳಿಸಿಕೊಂಡು ಸರಿಯಾದ ಜಾಗದಲ್ಲಿಡುವ ಕೆಲಸವನ್ನು ಅದೇ ಮಾಡುತ್ತದೆ. ನಂತರ ರೀಸ್ಟಾರ್ಟ್ ಮಾಡಿ.

ಎರಡನೆಯ ಉತ್ತರ

ಮೇಲಿನ ಸಲಹೆ ಸರಿಯಾಗಿದೆ. ಅದಕ್ಕೆ ಎರಡು ಮಾತು ಸೇರಿಸುತ್ತೇನೆ. ಇಷ್ಟು ಹಳೆಯ ಯಂತ್ರಗಳಲ್ಲಿ ಮದರ್‌ಬೋರ್ಡ್‌ನ ಪುಟ್ಟ ಬ್ಯಾಟರಿ ಸತ್ತಿರುವುದು ಸಾಮಾನ್ಯ, ಆಗ ಗಡಿಯಾರ ಹಿಂದೆ ಬಿದ್ದಿರುತ್ತದೆ. ದಿನಾಂಕ ತಪ್ಪಿದ್ದರೆ ಪ್ಯಾಕೇಜ್‌ಗಳನ್ನು ಇಳಿಸಿ ಹಾಕುವ ಎಪಿಟಿ ಎಂಬ ಪ್ರೋಗ್ರಾಂ, ಡೆಬಿಯನ್‌ನ ಬಿಡುಗಡೆ ಕಡತ ಇನ್ನೂ ಮಾನ್ಯವಾಗಿಲ್ಲ ಎಂದು ನಿರಾಕರಿಸುತ್ತದೆ, ಬ್ರೌಸರ್ ಕೂಡ ಪ್ರಮಾಣಪತ್ರದ ದೋಷ ತೋರಿಸುತ್ತದೆ. ಇಂಟರ್‌ನೆಟ್ ಇದ್ದೂ ಪುಟಗಳು ತೆರೆಯದಿದ್ದಾಗ ಮೊದಲು ದಿನಾಂಕವನ್ನು ನೋಡಿ.

ಇನ್ನೊಂದು, ಒಳಗಿನ ಕಾರ್ಡ್ ಕೈಕೊಟ್ಟರೆ ಎಥೆರೋಸ್ ಎಆರ್9271 ಚಿಪ್ ಇರುವ ಯುಎಸ್‌ಬಿ ವೈಫೈ ಅಡಾಪ್ಟರ್ ಹುಡುಕಿ. ಅದರ ಫರ್ಮ್‌ವೇರ್ ಮುಕ್ತ ತಂತ್ರಾಂಶವಾಗಿದ್ದು, ಡೆಬಿಯನ್‌ನ ಮುಖ್ಯ ವಿಭಾಗದಲ್ಲಿಯೇ ಸಿಗುತ್ತದೆ. ಕೊಳ್ಳುವಾಗ ಮಾದರಿಯ ಹೆಸರನ್ನಷ್ಟೇ ನಂಬಬೇಡಿ: ಟಿಪಿ-ಲಿಂಕ್ ಟಿಎಲ್-ಡಬ್ಲ್ಯೂಎನ್722ಎನ್‌ನ ಮೊದಲ ಆವೃತ್ತಿಯಲ್ಲಿ ಈ ಚಿಪ್ ಇತ್ತು, ಎರಡನೆಯದರಲ್ಲಿ ರಿಯಲ್‌ಟೆಕ್ ಚಿಪ್ ಬಂದಿತು.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಲಾಗ್‌ನಲ್ಲಿ ಯುಕೋಡ್5ರ ದೂರು ಇದ್ದದ್ದು ನಿಜ. ಟೆದರಿಂಗ್ ಮೂಲಕ ಪ್ಯಾಕೇಜ್ ಹಾಕಿದ ಮೇಲೆ ಅಕ್ಕಪಕ್ಕದ ಮನೆಗಳ ವೈಫೈ ಹೆಸರುಗಳು ಪಟ್ಟಿಯಲ್ಲಿ ಬರುತ್ತಿವೆ. ಆದರೆ ನನ್ನದೇ ಫೋನ್‌ನ ಹಾಟ್‌ಸ್ಪಾಟ್ ಮಾತ್ರ ಅದರಲ್ಲಿಲ್ಲ. ಬೇರೆ ಲ್ಯಾಪ್‌ಟಾಪ್‌ನಲ್ಲಿ ಅದು ಕಾಣುತ್ತದೆ.

ಮೊದಲ ಉತ್ತರ ನೀಡಿದವರಿಂದ

ನಿಮ್ಮ ಹಾಟ್‌ಸ್ಪಾಟ್ 5 ಗಿಗಾಹರ್ಟ್ಸ್‌ನಲ್ಲಿ ಇರಬೇಕು. ಈ ಕಾರ್ಡ್‌ನ ಸಾಮಾನ್ಯ ಮಾದರಿ 2.4 ಗಿಗಾಹರ್ಟ್ಸ್ ಅನ್ನು ಮಾತ್ರ ಹಿಡಿಯುತ್ತದೆ. ಫೋನ್‌ನ ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ ಬ್ಯಾಂಡ್ ಅನ್ನು 2.4ಕ್ಕೆ ಬದಲಿಸಿ. ಭದ್ರತೆಯ ಸಾಲಿನಲ್ಲಿ ಡಬ್ಲ್ಯೂಪಿಎ3 ಎಂದಿದ್ದರೆ ಡಬ್ಲ್ಯೂಪಿಎ2 ಆರಿಸಿ. ಇಲ್ಲವಾದರೆ ಹೆಸರು ಕಂಡರೂ ಸಂಪರ್ಕ ಕೂಡದಿರಬಹುದು. ಆಮೇಲೆಯೂ ತೊಡಕು ಉಳಿದರೆ ಕರ್ನಲ್ ಲಾಗ್‌ನಲ್ಲಿ ಬಿ43 ಎಂದಿರುವ ಸಾಲುಗಳನ್ನು ಇಲ್ಲಿಯೇ ಹಾಕಿ, ನೋಡೋಣ.