‘ಹಾಸನಾಂಬೆ ಕೃಪೆ’ ಗುಂಪಿನಲ್ಲಿ ಒಂದು ಜೀನ್ಸ್ ಪ್ಯಾಂಟು

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ‘ಹಾಸನಾಂಬೆ ಕೃಪೆ’ ಎಂದು ಹೆಸರು. ಮೂವತ್ತೊಂದು ಜನರಿದ್ದೇವೆ. ಮಾತನಾಡುವವರು ಆರೇಳು ಮಂದಿ. ಉಳಿದವರು ಹುಟ್ಟುಹಬ್ಬಕ್ಕೂ ತಿಥಿಗೂ ಕೈ ಮುಗಿದು ಸುಮ್ಮನಾಗುತ್ತಾರೆ. ಕಳೆದ ಗುರುವಾರ ರಾತ್ರಿ ಊಟದ ಹೊತ್ತಿಗೆ ನನ್ನ ಕಿರಿಯ ತಮ್ಮನ ಮಗ ಒಂದು ಫೋಟೊ ಹಾಕಿದ. ಬೀರುವಿನ ಕನ್ನಡಿಯ ಮುಂದೆ ನಿಂತು ತೆಗೆದುಕೊಂಡದ್ದು. ತಿಳಿನೀಲಿ ಅಂಗಿ, ಕಡುನೀಲಿ ಜೀನ್ಸ್, ಕಂದು ಬೆಲ್ಟು, ಕಂದು ಶೂ. ಅದರ ಕೆಳಗೆ, ಕೆಲಸ ಕೊಟ್ಟ ಬೆಂಗಳೂರಿನ ಕಂಪನಿಯ ಪತ್ರದಿಂದ ಕತ್ತರಿಸಿದ ಒಂದೇ ಸಾಲು: ಉಡುಪು, ಬಿಸಿನೆಸ್ ಕ್ಯಾಶುಯಲ್. ಅಂದರೆ ಕೋಟು, ಟೈ ಬೇಡ, ಆದರೂ ಕಚೇರಿಗೆ ಒಪ್ಪುವಂತಿರಬೇಕು.

ಹುಡುಗ: ಸೋಮವಾರ ಕೆಲಸಕ್ಕೆ ಸೇರಬೇಕು. ಇದು ನಡೆಯುತ್ತದೆಯೇ?

ಕೇಳಿದ್ದು ಇಷ್ಟೇ. ಮಲಗುವ ಹೊತ್ತಿಗೆ ನೂರ ನಲವತ್ತು ಸಂದೇಶಗಳಾಗಿದ್ದವು. ಶುಭರಾತ್ರಿಯ ಗುಲಾಬಿಗಳನ್ನೂ, ನಡುವೆ ನುಗ್ಗಿ ತೆಂಗಿನಕಾಯಿ ದರ ಕೇಳಿದವರನ್ನೂ ಬಿಟ್ಟು ಉಳಿದದ್ದನ್ನು ಹೇಳುತ್ತೇನೆ.

ದೊಡ್ಡಣ್ಣ: ಕೆಲಸಕ್ಕೋ, ಸಂತೆಗೋ?

ದೊಡ್ಡಣ್ಣ ಹೊಳೆನರಸೀಪುರದಲ್ಲಿದ್ದಾರೆ, ನಿವೃತ್ತ ಮುಖ್ಯೋಪಾಧ್ಯಾಯರು. ಹಾಸನಾಂಬೆಯ ಬಾಗಿಲಿನಂತೆ ಗುಂಪಿನಲ್ಲಿ ಅವರ ಬಾಯಿ ತೆರೆಯುವುದೇ ಅಪರೂಪ. ತೆರೆದರೆ ನೂಕುನುಗ್ಗಲು.

ಬೇಲೂರಿನ ಅತ್ತಿಗೆ: ನಮ್ಮೂರಿನ ದರ್ಪಣಸುಂದರಿ ಒಂಬೈನೂರು ವರ್ಷದಿಂದ ಕನ್ನಡಿ ಹಿಡಿದು ನಿಂತಿದ್ದಾಳೆ, ಅವಳೂ ಇಷ್ಟು ತಲೆ ಕೆಡಿಸಿಕೊಂಡಿಲ್ಲ. ಚೆನ್ನಾಗಿ ಕಾಣುತ್ತಿದ್ದೀಯೆ. ಹಾಕಿಕೊಂಡು ಹೋಗು.

ದೊಡ್ಡಣ್ಣ: ಜೀನ್ಸ್ ಎಂಬುದು ಗಣಿ ಅಗೆಯುವ ಕೂಲಿಯವರಿಗಾಗಿ ಹೊಲಿದ ಬಟ್ಟೆ. ಅದನ್ನು ತೊಟ್ಟು ಕಚೇರಿಗೆ ಹೋಗುವುದೂ ಗುದ್ದಲಿ ಹೆಗಲ ಮೇಲಿಟ್ಟುಕೊಂಡು ಆರತಕ್ಷತೆಗೆ ಹೋಗುವುದೂ ಒಂದೇ.

ಸಕಲೇಶಪುರದ ಭಾವ: ಮೂವತ್ತು ವರ್ಷದಿಂದ ತೋಟದಲ್ಲಿ ಜೀನ್ಸ್ ಹಾಕಿಕೊಂಡೇ ತಿರುಗುತ್ತಿದ್ದೇನೆ. ಮುಳ್ಳಿಗೂ ಹರಿಯುವುದಿಲ್ಲ. ಒಂದೇ ಕಷ್ಟ, ಆಷಾಢದಲ್ಲಿ ಒಗೆದದ್ದು ಗೌರಿ ಹಬ್ಬಕ್ಕೆ ಒಣಗುತ್ತದೆ.

ದೊಡ್ಡಣ್ಣ: ತೋಟಕ್ಕೆ ಧಾರಾಳವಾಗಿ ಹಾಕಿಕೊಳ್ಳಿ. ನಾನು ಹೇಳುತ್ತಿರುವುದೂ ಅದನ್ನೇ.

ಭಾವ ಏನೋ ಬರೆಯುತ್ತಿದ್ದಾರೆ ಎಂದು ಎರಡು ನಿಮಿಷ ತೋರಿಸಿತು. ಏನೂ ಬರಲಿಲ್ಲ. ಕೂಲಿ ಎಂಬ ಮಾತು ಅವರಿಗೆ ನಾಟಿತು ಎಂದು ನನಗೆ ಗೊತ್ತಾಯಿತು, ಏಕೆಂದರೆ ನನಗೂ ನಾಟಿತ್ತು. ಹಾಸನದ ಕಟ್ಟಿನಕೆರೆ ಮಾರುಕಟ್ಟೆಯ ಹತ್ತಿರ ಇಪ್ಪತ್ತೆರಡು ವರ್ಷದಿಂದ ಹೊಲಿಗೆ ಅಂಗಡಿ ನಡೆಸುತ್ತಿರುವವಳು ನಾನು. ಬಟ್ಟೆಯ ಮಾತು ಬಂದ ಮೇಲೆ ಸುಮ್ಮನಿರುವುದು ಹೇಗೆ?

ನಾನು: ಅಣ್ಣ, ಕೂಲಿಯವರ ಬಟ್ಟೆ ಎಂಬುದು ನಿಜ. ಅದನ್ನು ಕಂಡುಹಿಡಿದವನು ನನ್ನ ಹಾಗೆ ಒಬ್ಬ ದರ್ಜಿ ಎಂಬುದನ್ನೂ ಸೇರಿಸಿ. ಅಮೆರಿಕದ ರೀನೋ ಎಂಬ ಊರಿನ ಜೇಕಬ್ ಡೇವಿಸ್. ಮರ ಕಡಿಯುವವನ ಹೆಂಡತಿ ಬಂದು, ಗಂಡನಿಗೆ ಹರಿಯದಂಥ ಪ್ಯಾಂಟು ಬೇಕು ಎಂದಳಂತೆ. ಜೇಬಿನ ಮೂಲೆಗೆ ತಾಮ್ರದ ಗುಂಡಿ ಬಡಿಯುವ ಉಪಾಯ ಅವನಿಗೆ ಹೊಳೆಯಿತು. ಪೇಟೆಂಟ್ ಮಾಡಿಸಲು ಕೈಯಲ್ಲಿ ಕಾಸಿರಲಿಲ್ಲ. ಬಟ್ಟೆ ಪೂರೈಸುತ್ತಿದ್ದ ಲೀವೈ ಸ್ಟ್ರಾಸ್ ಎಂಬ ವ್ಯಾಪಾರಿಗೆ ಪತ್ರ ಬರೆದ. 1873ರ ಮೇ 20ರಂದು ಇಬ್ಬರಿಗೂ ಪೇಟೆಂಟ್ ಸಿಕ್ಕಿತು. ಹೆಸರು ಮಾತ್ರ ವ್ಯಾಪಾರಿಯದು ಉಳಿಯಿತು, ದರ್ಜಿಯದಲ್ಲ.

ಬೇಲೂರಿನ ಅತ್ತಿಗೆ: ಕೂಲಿ ಬಾಕಿ ಉಳಿಸಿಕೊಂಡಿರುವವರು ಈ ಸಂದೇಶವನ್ನು ಎರಡು ಸಲ ಓದಬೇಕಂತೆ.

ಅಕ್ಕನ ಮಗಳು: ಮಾವ, ಬೆಂಗಳೂರಿನ ಕಂಪನಿಯೊಂದರ ಸಿಬ್ಬಂದಿ ವಿಭಾಗದಲ್ಲಿರುವವಳು ನಾನು, ಈ ನಿಯಮಗಳನ್ನು ಬರೆಯುವುದೇ ನನ್ನ ಕೆಲಸ. ನಮ್ಮಲ್ಲಿ ಸೋಮವಾರವೂ ಜೀನ್ಸ್ ನಡೆಯುತ್ತದೆ. ಬಣ್ಣ ಕಡುವಾಗಿರಬೇಕು, ತೊಡೆಯ ಮೇಲೆ ಮಾಸಿರಬಾರದು, ಮಂಡಿ ಹರಿದಿರಬಾರದು, ಅಂಗಿಗೆ ಕಾಲರ್ ಇರಬೇಕು. ಟೈ ಕಟ್ಟಿಸುತ್ತಿದ್ದ ಇನ್ಫೋಸಿಸ್ಸೇ 2015ರಲ್ಲಿ ವಾರವಿಡೀ ಕ್ಯಾಶುಯಲ್ ಸಾಕು ಎಂದಿತು.

ಅರಸೀಕೆರೆಯ ಅಣ್ಣ: 2021ರಲ್ಲಿ ಸಿಬಿಐ ತನ್ನ ಸಿಬ್ಬಂದಿಗೆ ಜೀನ್ಸ್, ಟೀ ಶರ್ಟ್, ಆಟದ ಶೂ ಬೇಡ ಎಂದು ಆದೇಶ ಹೊರಡಿಸಿತು. ಅದನ್ನೂ ಹೇಳಮ್ಮ.

ಬೇಲೂರಿನ ಅತ್ತಿಗೆ: ಅವನು ಸಿಬಿಐಗೆ ಸೇರುತ್ತಿಲ್ಲ. ಕಂಪ್ಯೂಟರಿನಲ್ಲಿ ಬೇರೆಯವರ ತಪ್ಪು ಹುಡುಕುವ ಕೆಲಸ. ಈ ಗುಂಪಿನಲ್ಲಿ ಬೆಳೆದವನಿಗೆ ಅದೇನೂ ಹೊಸದಲ್ಲ.

ದೊಡ್ಡಣ್ಣ: ನಾನೇನು ಕೋಟು ಹಾಕಿಕೊಂಡು ಹೋಗು ಎಂದೆನೇ? ಖಾಕಿ ಬಣ್ಣದ ಹತ್ತಿಯ ಪ್ಯಾಂಟು ಇಲ್ಲವೇ? ಕ್ಯಾಶುಯಲ್ಲೂ ಹೌದು, ಸಭ್ಯವೂ ಹೌದು.

ಅಕ್ಕನ ಮಗಳು: ಆ ಖಾಕಿ ಸಭ್ಯವಾದ ಕತೆ ಕೇಳಿ ಮಾವ. 1992ರಲ್ಲಿ ಅಮೆರಿಕದ ಸಾವಿರಾರು ಕಂಪನಿಗಳ ಸಿಬ್ಬಂದಿ ವಿಭಾಗಕ್ಕೆ ಒಂದು ಕೈಪಿಡಿ ಅಂಚೆಯಲ್ಲಿ ಬಂತು. ಕಚೇರಿಯಲ್ಲಿ ಕ್ಯಾಶುಯಲ್ ಎಂದರೆ ಹೇಗಿರಬೇಕು ಎಂದು ಚಿತ್ರಸಮೇತ ಹೇಳುವ ಪುಸ್ತಕ. ಕಳಿಸಿದವರು ಯಾರು? ಜೀನ್ಸ್ ಮಾರುವ ಅದೇ ಲೀವೈಸ್. ಅವರದೇ ಡಾಕರ್ಸ್ ಎಂಬ ಖಾಕಿ ಪ್ಯಾಂಟು 1986ರಿಂದ ಅಂಗಡಿಯಲ್ಲಿತ್ತು.

ನಾನು: ಖಾಕ್ ಎಂದರೆ ದೂಳು ಅಣ್ಣ. ಸಿಪಾಯಿಯ ಮೈಮೇಲೆ ಕೊಳೆ ಕಾಣದಿರಲಿ ಎಂದು ಹುಟ್ಟಿದ ಬಣ್ಣ. ನಮ್ಮ ಮಂಗಳೂರಿನ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯವರು 19ನೇ ಶತಮಾನದಲ್ಲೇ ಆ ಬಟ್ಟೆ ತಯಾರಿಸುತ್ತಿದ್ದರು. ಕೂಲಿಯವನದು ಬೇಡ, ಪೇದೆಯದು ಆಗಬಹುದು ಎಂದ ಹಾಗಾಯಿತು.

ದೊಡ್ಡಣ್ಣ: ಎಲ್ಲರೂ ಸೇರಿ ನನಗೆ ಪಾಠ ಮಾಡುತ್ತಿದ್ದೀರಿ. ಸಂತೋಷ. ಹಾಕಲೇಬೇಕೆಂದಿದ್ದರೆ ಇಸ್ತ್ರಿ ಹಾಕಿ ಗೆರೆಯನ್ನಾದರೂ ಎಬ್ಬಿಸಿಕೊಂಡು ಹೋಗಲಿ.

ಗಡಿಯಾರ ನೋಡಿದೆ, ಹತ್ತೂಕಾಲು. ಆದರೂ ಮೊಬೈಲ್ ಕೆಳಗಿಡಲಾಗಲಿಲ್ಲ. ಜೀನ್ಸ್‌ಗೆ ಗೆರೆ ಎಬ್ಬಿಸುವುದು ನನ್ನ ಕಣ್ಣಿಗೆ ಪಾಪದ ಕೆಲಸ.

ನಾನು: ದಯವಿಟ್ಟು ಬೇಡ. ಜೀನ್ಸ್‌ನಲ್ಲಿ ಹಾಸು ನೂಲು ಮಾತ್ರ ನೀಲಿ, ಹೊಕ್ಕು ನೂಲು ಬಿಳಿ. ಕಾಲು ಮಡಚಿ ಒಳಭಾಗ ನೋಡಿಕೊಳ್ಳಿ, ಬೆಳ್ಳಗಿರುತ್ತದೆ. ಆ ನೀಲಿ ಕೂಡ ನೂಲಿನ ಹೊರಮೈಗೆ ಮಾತ್ರ ಹಿಡಿದಿರುತ್ತದೆ, ತಿರುಳಿಗೆ ಇಳಿದಿರುವುದಿಲ್ಲ. ಉಜ್ಜಿದ ಕಡೆಯೆಲ್ಲ ಸಿಪ್ಪೆ ಸುಲಿದಂತೆ ಬಿಳಿ ಹೊರಬರುತ್ತದೆ. ವಾರವಾರ ಗೆರೆ ಎಬ್ಬಿಸಿದರೆ ಆರು ತಿಂಗಳಿಗೆ ಎರಡು ಕಾಲಿನ ಮೇಲೂ ಸುಣ್ಣದ ಗೀಟು ಎಳೆದ ಹಾಗಾಗುತ್ತದೆ. ಆಮೇಲೆ ಯಾವ ಸೋಪಿಗೂ ಹೋಗುವುದಿಲ್ಲ.

ಅರಸೀಕೆರೆಯ ಅಣ್ಣ: ಬಟ್ಟೆಯ ವಿಜ್ಞಾನ ಸಾಕು. ಕಾರ್ಲ್‌ಸನ್ ವಿಷಯ ಯಾರೂ ಎತ್ತುತ್ತಿಲ್ಲವಲ್ಲ. 2024ರ ಡಿಸೆಂಬರ್, ನ್ಯೂಯಾರ್ಕ್, ವಿಶ್ವ ರ‍್ಯಾಪಿಡ್ ಚೆಸ್. ಜೀನ್ಸ್ ಹಾಕಿಕೊಂಡು ಬಂದ ಎಂದು 200 ಡಾಲರ್ ದಂಡ. ಈಗಲೇ ಬದಲಿಸಿ ಬಾ ಎಂದರು. ನಾಳೆಯಿಂದ ಬದಲಿಸುತ್ತೇನೆ ಎಂದ. ಕೇಳಲಿಲ್ಲ. ಮುಂದಿನ ಸುತ್ತಿಗೆ ಎದುರಾಳಿಯನ್ನೇ ಕೊಡಲಿಲ್ಲ. ಜಗತ್ತಿನ ಒಂದನೇ ನಂಬರಿನವನಿಗೇ ಈ ಗತಿ.

ಈ ಅಣ್ಣ ಬ್ಯಾಂಕ್ ಮ್ಯಾನೇಜರಾಗಿ ನಿವೃತ್ತರಾದ ಮೇಲೆ ದಿನಕ್ಕೆ ನಾಲ್ಕು ಗಂಟೆ ಮೊಬೈಲಿನಲ್ಲಿ ಚೆಸ್ ಆಡುತ್ತಾರೆ. ಅವರಿಗೆ ಇದು ಮನೆಯ ಜಗಳವಿದ್ದಂತೆ.

ಅಕ್ಕನ ಮಗಳು: ಅರ್ಧಕ್ಕೇ ನಿಲ್ಲಿಸಿದಿರಿ. ಕಾರ್ಲ್‌ಸನ್ ಪಂದ್ಯಾವಳಿ ಬಿಟ್ಟು ನಡೆದ. ಚೆಸ್‌ನ ವಿಶ್ವ ಸಂಸ್ಥೆ ಫಿಡೆ ತಾನೇ ನಿಯಮ ಸಡಿಲಿಸಿತು. ಅದರ ಬೆನ್ನಿಗೇ ನಡೆದ, ಇನ್ನೂ ವೇಗದ ಬ್ಲಿಟ್ಜ್ ಪಂದ್ಯಾವಳಿಗೆ ಜೀನ್ಸ್ ಹಾಕಿಕೊಂಡೇ ಬಂದು ಪ್ರಶಸ್ತಿ ಹಂಚಿಕೊಂಡ. ಆ ಪ್ಯಾಂಟು ಮರುವರ್ಷ ಹರಾಜಿನಲ್ಲಿ 36,100 ಡಾಲರಿಗೆ ಹೋಯಿತು.

ಸಕಲೇಶಪುರದ ಭಾವ: ನನ್ನ ಹತ್ತಿರ ನಾಲ್ಕಿವೆ. ಯಾರಿಗಾದರೂ ಬೇಕಿದ್ದರೆ ಹೇಳಿ.

ಅಷ್ಟು ಹೊತ್ತು ನಾನು ಜೀನ್ಸ್ ಪರವಾಗಿಯೇ ಬರೆಯುತ್ತಿದ್ದೆ. ಆದರೆ ಕಾರ್ಲ್‌ಸನ್ ಕತೆ ಪೂರ್ತಿ ಕೇಳಿದ ಮೇಲೆ ಹುಡುಗನ ಫೋಟೊವನ್ನು ಮತ್ತೊಮ್ಮೆ ತೆರೆದು ನೋಡಿದೆ. ಇಪ್ಪತ್ತೆರಡು ವರ್ಷ. ಭುಜ ಇನ್ನೂ ತುಂಬಿಲ್ಲ.

ನಾನು: ನಿಯಮ ಬಗ್ಗಿದ್ದು ಜೀನ್ಸ್‌ಗೆ ಅಲ್ಲ, ಕಾರ್ಲ್‌ಸನ್‌ಗೆ. ಅವನಿಲ್ಲದೆ ಪಂದ್ಯ ನೋಡುವವರಿಲ್ಲ. ನಮ್ಮ ಹುಡುಗ ಇಲ್ಲದಿದ್ದರೆ ಆ ಕಂಪನಿಯವರು ಪಟ್ಟಿಯಲ್ಲಿ ಮುಂದಿನವನನ್ನು ಕರೆಯುತ್ತಾರೆ. ಮೊದಲ ವಾರ ಬೂದು ಪ್ಯಾಂಟು ಹಾಕಿಕೊಳ್ಳಲಿ. ಅಲ್ಲಿ ಯಾರು ಏನು ಹಾಕುತ್ತಾರೆ ಎಂದು ನೋಡಿಕೊಳ್ಳಲಿ. ಜೀನ್ಸ್ ಎಲ್ಲಿಗೂ ಓಡಿಹೋಗುವುದಿಲ್ಲ.

ದೊಡ್ಡಣ್ಣ: ಈಗ ಒಂದು ಬುದ್ಧಿಯ ಮಾತು ಬಂತು.

ಅಕ್ಕನ ಮಗಳು: ಚಿಕ್ಕಮ್ಮ, ನೀವೂ ಹೀಗೆ ಹೇಳುತ್ತೀರಾ? ನಾನು ಕೆಲಸಕ್ಕೆ ಸೇರಿದ ದಿನ ದೊಡ್ಡ ಮಾವ ಬಟ್ಟೆ ತೆಗೆಸಿಕೊಟ್ಟು, ನೀವು ಹೊಲಿದುಕೊಟ್ಟ ಕಪ್ಪು ಪ್ಯಾಂಟು, ಬಿಳಿ ಅಂಗಿ ಹಾಕಿಕೊಂಡು ಹೋಗಿದ್ದೆ. ಹೊಲಿಗೆಯಲ್ಲಿ ಒಂದು ಕೊಂಕಿರಲಿಲ್ಲ. ಸಭಾಂಗಣದಲ್ಲಿ ನಲವತ್ತು ಜನರಿದ್ದೆವು. ಕಪ್ಪು ಬಿಳುಪಿನಲ್ಲಿದ್ದವರು ಐದು ಮಂದಿ. ಯಾರನ್ನೂ ಕೇಳಬೇಕಾಗಿರಲಿಲ್ಲ, ಐವರೂ ಊರಿನಿಂದ ಬಂದವರು. ಮೂರು ತಿಂಗಳು ನಾನು ಅಲ್ಲಿ ಕೆಲಸ ಮಾಡುವವಳಂತೆ ಅಲ್ಲ, ಸಂದರ್ಶನಕ್ಕೆ ಬಂದು ಕಾಯುತ್ತಿರುವವಳಂತೆ ಕಾಣುತ್ತಿದ್ದೆ. ಮೊದಲ ಸಂಬಳದಲ್ಲಿ ತಂದದ್ದೇ ಜೀನ್ಸ್.

ಗುಂಪು ಸ್ತಬ್ಧವಾಯಿತು. ನನಗೂ ಉತ್ತರ ಹೊಳೆಯಲಿಲ್ಲ. ಆ ಪ್ಯಾಂಟಿನ ಸೊಂಟಕ್ಕೆ ಒಳಗಿನಿಂದ ಒಂದು ಇಂಚು ಹೆಚ್ಚು ಬಟ್ಟೆ ಬಿಟ್ಟಿದ್ದೆ, ಹುಡುಗಿ ಪೇಟೆಯ ಊಟ ಮಾಡಿ ದಪ್ಪಗಾದರೆ ಬಿಚ್ಚಿಕೊಳ್ಳಲಿ ಎಂದು. ಅದನ್ನು ಹಾಕಿಕೊಂಡು ಅವಳು ಹೀಗೆ ನಿಂತಿದ್ದಳು ಎಂದು ಏಳು ವರ್ಷದ ಮೇಲೆ ಗೊತ್ತಾಯಿತು.

ದೊಡ್ಡಣ್ಣ ಒಂದು ಸಂದೇಶ ಹಾಕಿ ಅಳಿಸಿದರು. ಮತ್ತೊಂದು ಹಾಕಿ ಅದನ್ನೂ ಅಳಿಸಿದರು.

ಹುಡುಗ: ಹಾಗಾದರೆ ಏನು ಹಾಕಿಕೊಳ್ಳಲಿ?

ಇದಕ್ಕೆ ಯಾರೂ ಉತ್ತರಿಸಲಿಲ್ಲ. ಬೆಳಿಗ್ಗೆ ನೋಡಿದರೆ ಕೊನೆಯ ಸಂದೇಶ ಅವನ ಅಪ್ಪನದು, ಅಂದರೆ ನನ್ನ ತಮ್ಮನದು. ಎರಡು ಕೈ ಮುಗಿದ ಚಿತ್ರ.

ಶನಿವಾರ ಮಧ್ಯಾಹ್ನ ಹುಡುಗ ಅಂಗಡಿಗೆ ಬಂದ. ಕೈಚೀಲದಲ್ಲಿ ಎರಡು ಪ್ಯಾಂಟು. ಅದೇ ಜೀನ್ಸ್, ಮತ್ತು ಒಂದು ಹೊಸ ಬೂದು ಪ್ಯಾಂಟು. ಎರಡೂ ಉದ್ದವಾಗಿದ್ದವು. ಗುಂಪಿನ ಜಗಳದ ಬಗ್ಗೆ ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕನ್ನಡಿಯ ಮುಂದೆ ಶೂ ಹಾಕಿಸಿ ನಿಲ್ಲಿಸಿ ಗುಂಡುಪಿನ್ನು ಚುಚ್ಚಿದೆ.

ಬೂದು ಪ್ಯಾಂಟು ಹತ್ತು ನಿಮಿಷದ ಕೆಲಸ. ಜೀನ್ಸ್ ಹಾಗಲ್ಲ. ಕೆಳಗೆ ಎರಡು ಸುತ್ತು ಮಡಚಿದಾಗ, ಒಳಗಾಲಿನ ಜೋಡು ಹೊಲಿಗೆ ಬಂದು ಕೂಡುವ ಜಾಗದಲ್ಲಿ ಹತ್ತು ಹನ್ನೆರಡು ಪದರ ಒಂದರ ಮೇಲೊಂದು ಸೇರಿ ಗಂಟಾಗುತ್ತದೆ. ಅವಸರದಲ್ಲಿ ಅದರ ಮೇಲೆ ಯಂತ್ರ ಓಡಿಸಿದರೆ ಸೂಜಿ ಮುರಿದು ಕಣ್ಣಿಗೇ ಹಾರುತ್ತದೆ. ಹದಿನಾರನೇ ನಂಬರಿನ ಸೂಜಿ ಹಾಕಿಕೊಂಡೆ. ಗಂಟನ್ನು ಕಬ್ಬಿಣದ ಪಟ್ಟಿಯ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ಏಳೆಂಟು ಏಟು ಹಾಕಿ ಚಪ್ಪಟೆ ಮಾಡಿದೆ. ಆ ಜಾಗ ಬಂದಾಗ ಮೋಟಾರು ನಿಲ್ಲಿಸಿ, ಚಕ್ರವನ್ನು ಕೈಯಿಂದಲೇ ತಿರುಗಿಸುತ್ತ ಒಂದೊಂದೇ ಹೊಲಿಗೆ ದಾಟಿಸಿದೆ. ಹುಡುಗ ಬಗ್ಗಿ ನೋಡುತ್ತಿದ್ದ.

“ಇಷ್ಟು ಕಷ್ಟವೇ ಅತ್ತೆ?”

“ದೊಡ್ಡಪ್ಪನಿಗಿಂತ ಮೆತ್ತಗಿದೆ” ಎಂದೆ.

ಕಳಿಸುವಾಗ ಎರಡು ಮಾತು ಹೇಳಿದೆ. ಹೊಸ ಜೀನ್ಸ್ ಬಣ್ಣ ಬಿಡುತ್ತದೆ, ತಿಳಿಬಣ್ಣದ ಕುರ್ಚಿಯ ಮೇಲೆ ಕೂರುವ ಮುನ್ನ ಒಮ್ಮೆಯಾದರೂ ಮಗುಚಿ ತಣ್ಣೀರಿನಲ್ಲಿ ಒಗೆದುಕೋ. ಮತ್ತು ಜೀನ್ಸ್‌ಗೆ ಕಂದು ಬೆಲ್ಟು, ಕಂದು ಶೂ, ಬೂದು ಪ್ಯಾಂಟಿಗೆ ಅಪ್ಪನ ಕಪ್ಪು ಬೆಲ್ಟು, ಕಪ್ಪು ಶೂ, ಬೆರಕೆ ಮಾಡಬೇಡ. ತಲೆಯಾಡಿಸಿದ. ಹಣ ಕೊಡಲು ಬಂದ, ಬೈದು ಕಳಿಸಿದೆ.

ಸೋಮವಾರ ಮಧ್ಯಾಹ್ನ ಒಂದೂವರೆಗೆ ಗುಂಪಿಗೆ ಫೋಟೊ ಬಂತು. ಕೊರಳಲ್ಲಿ ಕಂಪನಿಯ ಗುರುತಿನ ಚೀಟಿ, ಹಿಂದೆ ಗಾಜಿನ ಗೋಡೆ, ಮುಖದ ತುಂಬ ನಗು. ಫೋಟೊ ಸೊಂಟಕ್ಕೇ ಮುಗಿದಿತ್ತು.

ಅಕ್ಕನ ಮಗಳು: ಭೇಷ್!

ದೊಡ್ಡಣ್ಣ: ಕೊನೆಗೂ ಹಠ ಸಾಧಿಸಿದ. ಪೂರ್ತಿ ಫೋಟೊ ಹಾಕಲು ಧೈರ್ಯವಿಲ್ಲ.

ಸಕಲೇಶಪುರದ ಭಾವ: ಹಾಕಿದರೆ ಏನಂತೆ? ನನಗೆ ಹೆಮ್ಮೆ.

ಬೇಲೂರಿನ ಅತ್ತಿಗೆ: ಕೆಳಗೆ ಪಂಚೆ ಇರಬಹುದು.

ಹುಡುಗ: ಊಟಕ್ಕೆ ಕರೆಯುತ್ತಿದ್ದಾರೆ, ಆಮೇಲೆ ಬರುತ್ತೇನೆ.

ನಾನು ಕತ್ತರಿ ಕೆಳಗಿಟ್ಟು, ಫೋಟೊವನ್ನು ಎರಡು ಬೆರಳಿನಿಂದ ಹಿಗ್ಗಿಸಿದೆ. ತೀರಾ ಕೆಳ ಅಂಚಿನಲ್ಲಿ, ಅಂಗಿ ಒಳಸೇರಿದ ಕಡೆ, ಬೆಲ್ಟಿನ ಒಂದು ಎಳೆ ಉಳಿದುಕೊಂಡಿತ್ತು. ಕಪ್ಪು. ಗುಂಪಿನಲ್ಲಿ ಏನೂ ಬರೆಯಲಿಲ್ಲ.