ಎಕ್ಸ್‌ಟರ್ನಲ್ ಡ್ರೈವ್‌ನಲ್ಲಿ ಬಿಟ್‌ಕಾಯಿನ್ ನೋಡ್: ಓಡಿಸಿ ನೋಡಿದವರು ಹೇಳಿ

ಹಾಸನದಿಂದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ವಾರವಿಡೀ ಬೆಂಗಳೂರಿನ ರೂಮಲ್ಲಿ ಲ್ಯಾಪ್‌ಟಾಪ್, ಶನಿವಾರ ಭಾನುವಾರ ಹಾಸನದ ಮನೆಯಲ್ಲಿ ಹಳೇ ಡೆಸ್ಕ್‌ಟಾಪ್. ಎರಡೂ ವಿಂಡೋಸ್. ಲ್ಯಾಪ್‌ಟಾಪ್ ಒಳಗೆ ಜಾಗ ಇಲ್ಲ. ಅದಕ್ಕೆ ಬಿಟ್‌ಕಾಯಿನ್ ಕೋರ್ ಅನ್ನು (ನೋಡ್ ಓಡಿಸುವ ಪ್ರೋಗ್ರಾಮ್; ನೋಡ್ ಅಂದರೆ ವಹಿವಾಟುಗಳ ದಾಖಲೆಯನ್ನು ತಾನೇ ಇಳಿಸಿಕೊಂಡು ಪರೀಕ್ಷಿಸುವ ಕಂಪ್ಯೂಟರ್) ಒಂದು ಎಕ್ಸ್‌ಟರ್ನಲ್ ಡ್ರೈವ್‌ಗೆ ಹಾಕಿಕೊಂಡು, ಎಲ್ಲಿರುತ್ತೇನೋ ಅಲ್ಲಿ ಚುಚ್ಚಿ ಓಡಿಸೋಣ ಅಂದುಕೊಂಡಿದ್ದೇನೆ. ಮನೆಯಲ್ಲಿ 2 ಟಿಬಿ ಹಾರ್ಡ್ ಡಿಸ್ಕ್ ಸುಮ್ನೆ ಬಿದ್ದಿದೆ. ಅದು ಸಾಕಾ? ನೋಡ್ ಓಡಿಸಿದರೆ ದುಡ್ಡು ಬರುವುದಿಲ್ಲ ಅಂತ ಗೊತ್ತು. ನನ್ನ ವಹಿವಾಟನ್ನು ಬೇರೆಯವರ ಸರ್ವರ್ ಕೇಳದೆ ನಾನೇ ಪರೀಕ್ಷಿಸಿಕೊಳ್ಳಬೇಕು, ಅಷ್ಟೇ.

ಮೈಸೂರಿನಿಂದ:

ಆಗುತ್ತದೆ. ನಾನು ಹೀಗೇ ಓಡಿಸುತ್ತಿದ್ದೇನೆ. ಆದರೆ ಆ ಹಾರ್ಡ್ ಡಿಸ್ಕ್ ಬಿಡಿ, ಎಸ್‌ಎಸ್‌ಡಿ ತಗೊಳ್ಳಿ. ಯಾಕೆ ಅಂತ ಹೇಳುತ್ತೇನೆ.

ನೋಡ್‌ನ ಫೋಲ್ಡರ್ ಒಳಗೆ ಮುಖ್ಯವಾಗಿ ಎರಡು ಫೋಲ್ಡರ್ ಇರುತ್ತವೆ. ಒಂದು ಬ್ಲಾಕ್ಸ್. ಬ್ಲಾಕ್ ಅಂದರೆ ವಹಿವಾಟುಗಳ ಒಂದು ಕಟ್ಟು, ಅವುಗಳ ಸರಪಳಿಯೇ ಚೈನ್. 2009ರ ಜನವರಿ 3ರ ಮೊದಲ ಬ್ಲಾಕ್‌ನಿಂದ ಇವತ್ತಿನವರೆಗಿನದೆಲ್ಲ ಅಲ್ಲಿ 128 ಎಂಬಿಯ ಫೈಲ್‌ಗಳಾಗಿ ಸಾಲಾಗಿ ಕೂತಿರುತ್ತದೆ. ಈಗ ಅದು 650 ಜಿಬಿ ದಾಟಿದೆ. ಇನ್ನೊಂದು ಚೈನ್‌ಸ್ಟೇಟ್. ಇನ್ನೂ ಖರ್ಚಾಗದೆ ಉಳಿದಿರುವ ನಾಣ್ಯಗಳ ಪಟ್ಟಿ ಅದು. 10 ಜಿಬಿಗೆ ಸ್ವಲ್ಪ ಜಾಸ್ತಿ, ಅಷ್ಟೇ. ಡ್ರೈವ್‌ನ ಜೀವ ಹಿಂಡುವುದು ಈ ಚಿಕ್ಕ ಫೋಲ್ಡರ್. ಪ್ರತಿ ವಹಿವಾಟಿಗೂ ನೋಡ್ ಈ ಪಟ್ಟಿಯಲ್ಲಿ ಹುಡುಕಬೇಕು, ಒಂದು ಸಾಲು ಅಳಿಸಬೇಕು, ಬೇರೆಲ್ಲೋ ಒಂದು ಸಾಲು ಸೇರಿಸಬೇಕು. ತಿರುಗುವ ಡಿಸ್ಕ್‌ನಲ್ಲಿ ಮುಳ್ಳು ಅಲ್ಲಿಂದ ಇಲ್ಲಿಗೆ ಓಡಾಡುವುದರಲ್ಲೇ ಹೊತ್ತು ಹೋಗುತ್ತದೆ. ಶುರುವಿನ ವರ್ಷಗಳ ಬ್ಲಾಕ್‌ಗಳು ಸಣ್ಣವು, ಸರಸರ ಮುಗಿಯುತ್ತವೆ. ಅದನ್ನು ನೋಡಿ ನನ್ನ ಹಾರ್ಡ್ ಡಿಸ್ಕೂ ಪರವಾಗಿಲ್ಲ ಅನ್ನಿಸುತ್ತದೆ. ಆಮೇಲಿನ ವರ್ಷಗಳು ಬಂದಾಗ ಶೇಕಡಾವಾರು ಅಂಕಿ ಅಲ್ಲಾಡುವುದೇ ನಿಲ್ಲುತ್ತದೆ. ಈಚೆಗೆ ಸಿಗುವ ಪೋರ್ಟಬಲ್ ಹಾರ್ಡ್ ಡಿಸ್ಕ್‌ಗಳಲ್ಲಿ ಎಷ್ಟೋ ಎಸ್‌ಎಂಆರ್ ಬಗೆಯವು, ಅಂದರೆ ಬರೆಯುವ ಪಟ್ಟಿಗಳು ಒಂದರ ಮೇಲೊಂದು ಹಾಯ್ದಿರುವವು. ಚೆದುರಿದ ಬರಹಕ್ಕೆ ಅವು ಇನ್ನೂ ನಿಧಾನ.

1 ಟಿಬಿ ಎಸ್‌ಎಸ್‌ಡಿ ಸದ್ಯಕ್ಕೆ ಸಾಕು. ವಿಂಡೋಸ್ ಅದನ್ನು 931 ಜಿಬಿ ಅಂತ ತೋರಿಸುತ್ತದೆ, ಚೈನ್ ವರ್ಷಕ್ಕೆ 80 ಜಿಬಿ ಆಸುಪಾಸು ಬೆಳೆಯುತ್ತಿದೆ. ಕೈಯಲ್ಲಿ ಸಾಧ್ಯ ಇದ್ದರೆ 2 ಟಿಬಿಯದ್ದೇ ತಗೊಂಡುಬಿಡಿ. ಹಳೇ ಡೆಸ್ಕ್‌ಟಾಪ್‌ನಲ್ಲಿ ಮುಂದಿನ ಪೋರ್ಟ್‌ಗೆ ಚುಚ್ಚಬೇಡಿ, ಬಹಳ ಕಡೆ ಅದು ಯುಎಸ್‌ಬಿ 2. ಹಿಂದೆ ನೀಲಿ ಬಣ್ಣದ್ದು ಇದೆಯಾ ನೋಡಿ.

ಇನ್ನು ಡ್ರೈವ್ ಅಕ್ಷರದ ಕಾಟ. ಲ್ಯಾಪ್‌ಟಾಪ್‌ನಲ್ಲಿ ಅದು ಇ ಆಗಿರುತ್ತದೆ, ಡೆಸ್ಕ್‌ಟಾಪ್‌ನಲ್ಲಿ ಎಫ್. ನೋಡ್ ಹಳೇ ಜಾಗ ಹುಡುಕಿ, ಸಿಗದೆ, ಹೊಸದಾಗಿ ಶುರು ಮಾಡಲಾ ಅಂತ ಕೇಳುತ್ತದೆ. ಎರಡೂ ಕಂಪ್ಯೂಟರ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಈ ಡ್ರೈವ್‌ಗೆ ಎಕ್ಸ್ ಅಕ್ಷರವನ್ನೇ ಖಾಯಂ ಮಾಡಿ. ಬಿಟ್‌ಕಾಯಿನ್ ಕೋರ್‌ನ ಇನ್‌ಸ್ಟಾಲರ್ ಬೇಡ, ಜಿಪ್ ಫೈಲ್ ಇಳಿಸಿಕೊಂಡು ಡ್ರೈವ್ ಮೇಲೇ ಬಿಚ್ಚಿಡಿ. ಆಗ ಪ್ರೋಗ್ರಾಮೂ ಡೇಟಾವೂ ಒಟ್ಟಿಗೇ ಇರುತ್ತವೆ, ಒಂದು ಕಡೆ ಹೊಸ ಆವೃತ್ತಿ ಇನ್ನೊಂದು ಕಡೆ ಹಳೇದು ಅನ್ನುವ ಗೊಂದಲ ಇರುವುದಿಲ್ಲ. ಡೇಟಾಡಿರ್ ಆಯ್ಕೆಯಲ್ಲಿ ಎಕ್ಸ್ ಡ್ರೈವ್‌ನ ಫೋಲ್ಡರ್ ಕೊಟ್ಟು ಒಂದು ಬ್ಯಾಚ್ ಫೈಲ್ ಬರೆದಿಡಿ. ಅದನ್ನು ಡಬಲ್ ಕ್ಲಿಕ್ ಮಾಡಿದರೆ ಆಯಿತು.

ಈಗ ನಾನು ಒತ್ತಿ ಹೇಳಬೇಕಾದ ಮಾತು. ಹೊತ್ತು ತಿರುಗುವ ನೋಡ್ ಹಾಳಾಗುವುದು ಹೆಚ್ಚಾಗಿ ಓಡುವಾಗ ಅಲ್ಲ, ಕೀಳುವಾಗ. ನೋಡ್ ತನ್ನ ಲೆಕ್ಕವನ್ನು ರ್‍ಯಾಮ್‌ನಲ್ಲಿ ಇಟ್ಟುಕೊಂಡಿರುತ್ತದೆ, ಮುಚ್ಚುವಾಗ ಡ್ರೈವ್‌ಗೆ ಬರೆಯುತ್ತದೆ. ಮುಚ್ಚು ಅಂತ ಒತ್ತಿದ ಮೇಲೆ ಒಂದು ಚಿಕ್ಕ ಕಿಟಕಿ ಬರುತ್ತದೆ. ಈ ಕಿಟಕಿ ಹೋಗುವವರೆಗೆ ಕಂಪ್ಯೂಟರ್ ಆಫ್ ಮಾಡಬೇಡಿ ಅಂತ ಅದರಲ್ಲೇ ಬರೆದಿರುತ್ತದೆ. ಬಸ್ಸಿಗೆ ಹೊತ್ತಾಯಿತು ಅಂತ ಆಗ ಕೇಬಲ್ ಕಿತ್ತರೆ ಚೈನ್‌ಸ್ಟೇಟ್ ಅರ್ಧಂಬರ್ಧ ಆಗಬಹುದು. ಆಮೇಲೆ ಮತ್ತೆ ಕಟ್ಟಬೇಕು. ಕಿಟಕಿ ಹೋದ ಮೇಲೂ ನಾನು ಡೀಬಗ್ ಲಾಗ್ ಫೈಲ್ ತೆರೆದು ಕೊನೆಯ ಸಾಲು ನೋಡುತ್ತೇನೆ. 'ಶಟ್‌ಡೌನ್: ಡನ್' ಅಂತ ಇದ್ದರೆ ಮಾತ್ರ ವಿಂಡೋಸ್‌ನಲ್ಲಿ ಸೇಫ್ ಆಗಿ ಇಜೆಕ್ಟ್ ಮಾಡಿ ಕೇಬಲ್ ಮುಟ್ಟುತ್ತೇನೆ.

ಡಿಬಿಕ್ಯಾಶ್ ಅಂತ ಒಂದು ಸೆಟ್ಟಿಂಗ್ ಇದೆ, ಈ ಲೆಕ್ಕಕ್ಕೆ ನೋಡ್ ಎಷ್ಟು ರ್‍ಯಾಮ್ ಬಳಸಬಹುದು ಅನ್ನುವುದು. ವರ್ಷಗಟ್ಟಲೆ ಅದು ತಾನಾಗಿ 450 ಎಂಬಿ ಇತ್ತು. ಮೊದಲ ಸಿಂಕ್ (ಪೂರ್ತಿ ಚೈನ್ ಇಳಿಸಿ ಪರೀಕ್ಷಿಸುವುದು) ಆಗುವಾಗ, 8 ಜಿಬಿ ರ್‍ಯಾಮ್ ಇದ್ದರೆ, 4000ಕ್ಕೆ ಏರಿಸಿ. ವೇಗ ಚೆನ್ನಾಗಿ ಸಿಗುತ್ತದೆ. ಸಿಂಕ್ ಮುಗಿದ ಮೇಲೆ ಮತ್ತೆ ಇಳಿಸಿಬಿಡಿ. ಜಾಸ್ತಿ ಇಟ್ಟಷ್ಟೂ ಮುಚ್ಚುವಾಗ ಬರೆಯುವುದು ಜಾಸ್ತಿ, ನೀವು ಕಾಯುವುದೂ ಜಾಸ್ತಿ.

ಶಿರಸಿಯಿಂದ:

ಮೈಸೂರಿನವರು ಹೇಳಿದ್ದಕ್ಕೆ ನಂದೂ ಸ್ವಲ್ಪ ಸೇರಿಸುತ್ತೇನೆ. ಪೂರ್ತಿ ಚೈನ್ ಇಟ್ಟುಕೊಳ್ಳಲೇಬೇಕು ಅಂತೇನಿಲ್ಲ. ಪ್ರೂನ್ ಮಾಡಿದ ನೋಡ್ ಕೂಡ ಪ್ರತಿ ಬ್ಲಾಕನ್ನೂ ಇಳಿಸಿಕೊಂಡು ಪರೀಕ್ಷಿಸುತ್ತದೆ, ಆಮೇಲೆ ಹಳೇ ಬ್ಲಾಕ್‌ಗಳನ್ನು ಬಿಸಾಕುತ್ತದೆ. ಕನಿಷ್ಠ 550 ಎಂಬಿವರೆಗೂ ಇಳಿಸಬಹುದು. ನಾನು ಅಷ್ಟು ಬಿಗಿ ಮಾಡದೆ 50 ಜಿಬಿ ಕೊಟ್ಟಿದ್ದೇನೆ. 256 ಜಿಬಿಯ ಪುಟ್ಟ ಎಸ್‌ಎಸ್‌ಡಿ ಧಾರಾಳ ಆಗುತ್ತದೆ. ನಿಮ್ಮ ಉದ್ದೇಶಕ್ಕೆ ಇದೂ ಸಾಕು ಅಂತ ನನಗನ್ನಿಸುತ್ತದೆ.

ತೊಂದರೆ ಏನು ಅಂದರೆ, ಡೇಟಾ ಕೆಟ್ಟು ರೀಇಂಡೆಕ್ಸ್ ಮಾಡುವ (ಲೆಕ್ಕವನ್ನು ಬ್ಲಾಕ್‌ಗಳಿಂದ ಮತ್ತೆ ಕಟ್ಟುವ) ಹಾಗಾದರೆ ಮತ್ತೆ ಮೊದಲಿಂದ ಇಳಿಸಬೇಕು. ಪೂರ್ತಿ ಚೈನ್ ಇದ್ದವರಿಗೆ ಬ್ಲಾಕ್‌ಗಳು ಡ್ರೈವ್‌ನಲ್ಲೇ ಇರುತ್ತವೆ, ನೆಟ್ ಬೇಕಾಗುವುದಿಲ್ಲ. ಮತ್ತೆ, ಹಳೇ ವಾಲೆಟ್ ತಂದು ಅದರ ಇತಿಹಾಸ ಹುಡುಕಬೇಕು ಅಂದರೆ ಬಿಸಾಕಿದ ಬ್ಲಾಕ್‌ಗಳಲ್ಲಿ ಹುಡುಕಲಾಗುವುದಿಲ್ಲ. ಟಿಎಕ್ಸ್‌ಇಂಡೆಕ್ಸ್ (ಯಾವ ವಹಿವಾಟನ್ನಾದರೂ ಹುಡುಕಲು ಇಡುವ ಸೂಚಿ) ಬೇಕು ಅನ್ನುವವರಿಗೂ ಪ್ರೂನ್ ಆಗಿಬರುವುದಿಲ್ಲ, ಅವೆರಡು ಒಟ್ಟಿಗೆ ಓಡುವುದಿಲ್ಲ.

ನೆಟ್ ವಿಷಯ ಮೊದಲೇ ಯೋಚಿಸಿ. ಪ್ರೂನ್ ಮಾಡಿದರೂ ಆ 650 ಜಿಬಿ ಒಂದು ಸಲ ಇಳಿಯಲೇಬೇಕು. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಆಗುವ ಮಾತಲ್ಲ. ಫೈಬರ್ ಇರುವ ಕಡೆ ಕೂತು ಮುಗಿಸಿ, ಪ್ಲಾನ್‌ನಲ್ಲಿ ತಿಂಗಳ ಮಿತಿ ಎಷ್ಟಿದೆ ನೋಡಿಕೊಳ್ಳಿ. ಒಮ್ಮೆ ಸಿಂಕ್ ಆದ ಮೇಲೆ ಏನೂ ಭಾರ ಇಲ್ಲ. ಹತ್ತು ನಿಮಿಷಕ್ಕೊಂದು ಬ್ಲಾಕ್ ಅಂದರೆ ದಿನಕ್ಕೆ 144. ಒಂದು ವಾರ ಮುಚ್ಚಿಟ್ಟು ತೆರೆದರೂ 1,000 ಚಿಲ್ಲರೆ ಬ್ಲಾಕ್, ಎರಡು ಜಿಬಿಯೊಳಗೆ. ಅಪ್‌ಲೋಡ್ ಜಾಸ್ತಿ ಆಗುತ್ತಿದ್ದರೆ ಮ್ಯಾಕ್ಸ್‌ಅಪ್‌ಲೋಡ್‌ಟಾರ್ಗೆಟ್‌ನಲ್ಲಿ ದಿನದ ಮಿತಿ ಹಾಕಬಹುದು.

ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಾಗುವುದಿಲ್ಲ. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದೆ, ಬಚಾವ್. ಹಾಸನದ ಡೆಸ್ಕ್‌ಟಾಪ್‌ಗೆ ಯುಪಿಎಸ್ ಇಲ್ಲದಿದ್ದರೆ ಮೊದಲ ಸಿಂಕ್ ಅಲ್ಲಿ ಮಾಡಲೇಬೇಡಿ.

ಮಂಗಳೂರಿನಿಂದ:

ಫಾರ್ಮ್ಯಾಟ್ ಬಗ್ಗೆ ಯಾರೂ ಹೇಳಲಿಲ್ಲ ಅಲ್ವಾ? ಅಂಗಡಿಯಿಂದ ತಂದ ಡ್ರೈವ್ ಹೆಚ್ಚಾಗಿ ಎಕ್ಸ್‌ಫ್ಯಾಟ್‌ನಲ್ಲಿರುತ್ತದೆ. ಅದನ್ನು ಹಾಗೇ ಬಳಸಬೇಡಿ. ಎಕ್ಸ್‌ಫ್ಯಾಟ್‌ಗೆ ಜರ್ನಲ್ ಇಲ್ಲ. ಬರೆಯುವಾಗ ಕರೆಂಟ್ ಹೋದರೆ ಎಲ್ಲಿಗೆ ನಿಂತಿತ್ತು ಅನ್ನುವ ದಾಖಲೆ ಇರುವುದಿಲ್ಲ. ಮ್ಯಾಕ್‌ನಲ್ಲಿ ಎಕ್ಸ್‌ಫ್ಯಾಟ್ ಮೇಲೆ ನೋಡ್ ಡೇಟಾ ಕೆಡುವುದು ಎಷ್ಟು ಜನಕ್ಕೆ ಆಗಿದೆ ಅಂದರೆ, ಈಚಿನ ಬಿಟ್‌ಕಾಯಿನ್ ಕೋರ್ ಅದನ್ನು ಕಂಡರೆ ತಾನೇ ಎಚ್ಚರಿಸುತ್ತದೆ. ನಿಮ್ಮದು ಎರಡೂ ವಿಂಡೋಸ್, ಎನ್‌ಟಿಎಫ್‌ಎಸ್ ಮಾಡಿಕೊಳ್ಳಿ. ಲಿನಕ್ಸ್‌ನಲ್ಲೇ ಇರುವವರು ಎಕ್ಸ್‌ಟಿ4. ಮೂರೂ ಕಡೆ ಒಂದೇ ಡ್ರೈವ್ ಓಡಬೇಕು ಅನ್ನುವ ಆಸೆ ಬಿಡುವುದೇ ಒಳ್ಳೆಯದು.

ನಾನು ಓಡಿಸುವುದು ರಾಸ್ಪ್‌ಬೆರಿ ಪೈ 4 ಅನ್ನುವ ಪುಟ್ಟ ಬೋರ್ಡ್ ಕಂಪ್ಯೂಟರ್‌ನಲ್ಲಿ. ಊರಿಗೆ ಹೋಗುವಾಗ ಬೋರ್ಡೂ ಡ್ರೈವೂ ಒಟ್ಟಿಗೇ ಒಂದು ಡಬ್ಬದಲ್ಲಿ ಹೋಗುತ್ತವೆ, ಕಂಪ್ಯೂಟರ್ ಬದಲಾಯಿಸುವ ತಲೆನೋವೇ ಇಲ್ಲ. ಆದರೆ ಪೈ 4ರ ನಾಲ್ಕು ಯುಎಸ್‌ಬಿ ಪೋರ್ಟ್‌ಗೂ ಸೇರಿ ಸಿಗುವುದು 1.2 ಆಂಪಿಯರ್ ಮಾತ್ರ. ಸಿಂಕ್ ಜೋರಾಗಿ ನಡೆಯುವಾಗ ಡ್ರೈವ್‌ಗೆ ಕರೆಂಟ್ ಸಾಲದೆ ಅದು ಇದ್ದಕ್ಕಿದ್ದ ಹಾಗೆ ಮಾಯವಾಗುತ್ತಿತ್ತು, ಲಾಗ್ ತುಂಬ ಎರರ್. ಬೇರೆ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಹಾಕಿದ ಮೇಲೆ ನಿಂತಿತು. ಎನ್‌ವಿಎಂಇ ಡ್ರೈವನ್ನು (ವೇಗದ ಬಗೆಯ ಎಸ್‌ಎಸ್‌ಡಿ) ಪ್ಲಾಸ್ಟಿಕ್ ಎನ್‌ಕ್ಲೋಷರ್‌ನಲ್ಲಿ ಹಾಕಬೇಡಿ. ನಮ್ಮ ಕರಾವಳಿಯ ಸೆಖೆಗೆ ಅದು ಮುಟ್ಟಲಾಗದಷ್ಟು ಬಿಸಿ ಆಗುತ್ತದೆ, ಬಿಸಿ ಏರಿದ ಹಾಗೆ ವೇಗ ಇಳಿಸುತ್ತದೆ. ಅಲ್ಯೂಮಿನಿಯಂದೇ ಬೇಕು.

ಜರ್ಮನಿಯಿಂದ:

ಬೇರೆ ನಾಣ್ಯಗಳ ನೋಡ್ ನೋಡುವವರಿಗೆ ಎರಡು ಮಾತು. ಮೊನೆರೊ ಈ ಕೆಲಸಕ್ಕೆ ಬಹಳ ಹೊಂದುತ್ತದೆ. ಪ್ರೂನ್ ಮಾಡಿದರೆ ಡೇಟಾ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ, ಅದಕ್ಕೂ ಎಸ್‌ಎಸ್‌ಡಿಯೇ ಬೇಕು. ಇಥೀರಿಯಂ ಮಾತ್ರ ಚುಚ್ಚಿ ಕೀಳುವ ಕೆಲಸ ಅಲ್ಲ. 2022ರ ಸೆಪ್ಟೆಂಬರ್‌ನ ಮರ್ಜ್ (ಗಣಿಗಾರಿಕೆ ನಿಲ್ಲಿಸಿದ ದೊಡ್ಡ ಬದಲಾವಣೆ) ಆದ ಮೇಲೆ ಎರಡು ಪ್ರೋಗ್ರಾಮ್ ಒಟ್ಟಿಗೆ ಓಡಬೇಕು, 2 ಟಿಬಿಯ ಒಳ್ಳೇ ಎಸ್‌ಎಸ್‌ಡಿ ಬೇಕು, ಮತ್ತು ಅದು ಸದಾ ಆನ್ ಇದ್ದರೇ ಚೆಂದ.

ಧಾರವಾಡದಿಂದ:

ಎಲ್ಲರೂ ಡ್ರೈವ್ ಕೆಡುವ ಬಗ್ಗೆ ಹೇಳಿದಿರಿ. ಅದು ಕಳೆದುಹೋಗುವ ಬಗ್ಗೆ ನಾನು ಹೇಳುತ್ತೇನೆ. ವಾರಕ್ಕೆ ಎರಡು ಸಲ ಬಸ್ಸಲ್ಲಿ ಓಡಾಡುವ ವಸ್ತು ಒಂದಲ್ಲ ಒಂದು ದಿನ ಸೀಟಲ್ಲೇ ಉಳಿಯಬಹುದು ಅಂತ ಅಂದುಕೊಂಡೇ ಎಲ್ಲ ಸಜ್ಜು ಮಾಡಿ. ಬ್ಲಾಕ್‌ಚೈನ್ ಕಳೆದರೆ ಮತ್ತೆ ಇಳಿಯುತ್ತದೆ, ಅದು ಊರಿಗೆಲ್ಲ ಗೊತ್ತಿರುವ ಮಾಹಿತಿ. ಕೀ, ಅಂದರೆ ನಾಣ್ಯ ಖರ್ಚು ಮಾಡಲು ಬೇಕಾದ ಗುಟ್ಟಿನ ಸಂಖ್ಯೆ, ಕಳೆದರೆ ಮುಗಿಯಿತು. ಆದ್ದರಿಂದ ಖರ್ಚು ಮಾಡುವ ಕೀ ಇರುವ ವಾಲೆಟ್ ಈ ಡ್ರೈವ್ ಮೇಲೆ ಇರಲೇಬಾರದು. ಕೀ ಹಾರ್ಡ್‌ವೇರ್ ವಾಲೆಟ್‌ನಲ್ಲಿ (ಕೀ ಇಡುವ ಪುಟ್ಟ ಸಾಧನ) ಇರಲಿ, ನೋಡ್‌ನಲ್ಲಿ ನೋಡುವುದಕ್ಕಷ್ಟೇ ಇರುವ ವಾಚ್-ಓನ್ಲಿ ವಾಲೆಟ್ ಇರಲಿ. ಸ್ಪ್ಯಾರೋ ವಾಲೆಟ್ ನಿಮ್ಮದೇ ನೋಡ್‌ಗೆ ಸುಲಭವಾಗಿ ಜೋಡಿಸಿಕೊಳ್ಳುತ್ತದೆ.

ವಾಚ್-ಓನ್ಲಿ ಇದ್ದರೂ ಸಿಕ್ಕವರಿಗೆ ನಿಮ್ಮ ಅಡ್ರೆಸ್‌ಗಳು, ಎಷ್ಟು ಇಟ್ಟಿದ್ದೀರಿ ಅನ್ನುವುದು ಕಾಣುತ್ತದೆ. ಹಾಗಾಗಿ ಡ್ರೈವ್ ಎನ್‌ಕ್ರಿಪ್ಟ್ ಮಾಡಿ. ಬಿಟ್‌ಲಾಕರ್ ಹಾಕಲು ವಿಂಡೋಸ್ ಪ್ರೊ ಬೇಕು, ಆದರೆ ಹಾಕಿದ್ದನ್ನು ಹೋಮ್‌ನಲ್ಲೂ ತೆರೆಯಬಹುದು. ಎರಡೂ ಕಡೆ ಹೋಮ್ ಇದ್ದರೆ ವೆರಾಕ್ರಿಪ್ಟ್. ಆಫೀಸ್ ಕಂಪ್ಯೂಟರ್‌ಗೆ, ಸ್ನೇಹಿತರ ಕಂಪ್ಯೂಟರ್‌ಗೆ ಈ ಡ್ರೈವ್ ಚುಚ್ಚಲೇಬೇಡಿ. ಆ ಯಂತ್ರದಲ್ಲಿ ಏನು ಕೂತಿದೆಯೋ ನಿಮಗೆ ಗೊತ್ತಿಲ್ಲ.

ಹಾಸನದಿಂದ:

ತುಂಬಾ ಧನ್ಯವಾದ. ಎಸ್‌ಎಸ್‌ಡಿ ತರುತ್ತೇನೆ, ಎನ್‌ಟಿಎಫ್‌ಎಸ್ ಮಾಡಿ, ಬೆಂಗಳೂರಲ್ಲೇ ಸಿಂಕ್ ಮುಗಿಸುತ್ತೇನೆ. ಕೊನೇ ಪ್ರಶ್ನೆ. ನನ್ನ ರೂಮ್‌ಮೇಟ್ ಹತ್ತಿರ ಪೂರ್ತಿ ಚೈನ್ ಇದೆ. ಅವನ ಫೋಲ್ಡರ್ ಕಾಪಿ ಮಾಡಿಕೊಂಡರೆ ನಡೆಯುತ್ತದಾ?

ಮೈಸೂರಿನಿಂದ:

ನಡೆಯುತ್ತದೆ, ಮೊದಲು ಅವರ ನೋಡ್ ಮುಚ್ಚಿರಬೇಕು. ಆದರೆ ಏನನ್ನು ಕಾಪಿ ಮಾಡುತ್ತೀರಿ ಅನ್ನುವುದು ಮುಖ್ಯ. ಚೈನ್‌ಸ್ಟೇಟ್ ಕೂಡ ತಂದರೆ ಕೂಡಲೇ ಓಡುತ್ತದೆ, ಆದರೆ ಯಾರ ಹತ್ತಿರ ಎಷ್ಟು ನಾಣ್ಯ ಉಳಿದಿದೆ ಅನ್ನುವ ಲೆಕ್ಕವನ್ನು ರೂಮ್‌ಮೇಟ್ ಮಾತಿನ ಮೇಲೆ ನಂಬಿದ ಹಾಗಾಯಿತು. ನೀವೇ ಪರೀಕ್ಷಿಸಬೇಕು ಅಂತ ತಾನೇ ಶುರು ಮಾಡಿದ್ದು? ಅದಕ್ಕೆ ಬ್ಲಾಕ್ಸ್ ಫೋಲ್ಡರ್ ಮಾತ್ರ ತಗೊಂಡು ರೀಇಂಡೆಕ್ಸ್ ಆಯ್ಕೆ ಕೊಟ್ಟು ಓಡಿಸಿ. ನೆಟ್ ಉಳಿಯುತ್ತದೆ, ಲೆಕ್ಕ ನಿಮ್ಮ ಯಂತ್ರವೇ ಮೊದಲಿಂದ ಕಟ್ಟುತ್ತದೆ. ತಾನಾಗಿ ಬಿಟ್ಟರೆ ಹಳೇ ಬ್ಲಾಕ್‌ಗಳ ಸಹಿ ಪರೀಕ್ಷೆಯನ್ನು ಅದು ಬಿಟ್ಟು ಹೋಗುತ್ತದೆ. ಅದೂ ಬೇಕು ಅಂದರೆ ಅಸ್ಯೂಮ್‌ವ್ಯಾಲಿಡ್ ಅನ್ನು 0 ಮಾಡಿ, ನಿಧಾನ ಆಗುತ್ತದೆ ಅಷ್ಟೇ.

ಇನ್ನೊಂದು. ಬ್ಲಾಕ್ಸ್ ಒಳಗೆ ಎಕ್ಸ್‌ಓಆರ್ ಡಾಟ್ ಡ್ಯಾಟ್ ಅನ್ನುವ ಪುಟ್ಟ ಫೈಲ್ ಇದೆಯಾ ನೋಡಿ. 28ನೇ ಆವೃತ್ತಿಯಿಂದ ಹೊಸದಾಗಿ ಸಿಂಕ್ ಮಾಡಿದವರಲ್ಲಿ ಅದು ಇರುತ್ತದೆ. ಎಂಟೇ ಬೈಟ್, ಕಣ್ಣಿಗೆ ಬೀಳುವುದಿಲ್ಲ. ದೊಡ್ಡ ಫೈಲ್‌ಗಳನ್ನಷ್ಟೇ ಆರಿಸಿ ಕಾಪಿ ಮಾಡಿ ಅದನ್ನು ಬಿಟ್ಟರೆ ಅಷ್ಟೂ ಬ್ಲಾಕ್ ನಿಮ್ಮ ನೋಡ್‌ಗೆ ಓದಲು ಬರುವುದಿಲ್ಲ. ಅವರ ವಾಲೆಟ್ಸ್ ಫೋಲ್ಡರ್ ಮಾತ್ರ ತರಬೇಡಿ. ಪ್ರೋಗ್ರಾಮನ್ನೂ ಅವರಿಂದ ತಗೊಳ್ಳಬೇಡಿ, ಅಧಿಕೃತ ಸೈಟಿಂದ ಇಳಿಸಿ, ಅಲ್ಲೇ ಕೊಟ್ಟಿರುವ ಶಾ256 ಮೊತ್ತಕ್ಕೆ (ಫೈಲ್‌ನ ಬೆರಳಚ್ಚಿನಂಥ ಸಂಖ್ಯೆ) ತಾಳೆ ನೋಡಿ ಆಮೇಲೆ ಬಿಚ್ಚಿ.